ಊರು ಬೆಳೆದರೆ ಲೆಕ್ಕ ಕೇಳುವವರು ಯಾರು?

ಫೆಬ್ರುವರಿ, ಮಾರ್ಚ್ ಬಂತೆಂದರೆ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಒಂದೇ ಅಚ್ಚಿನ ಸುದ್ದಿ ಸಾಲುಗಟ್ಟುತ್ತದೆ: ‘ನಗರಸಭೆ: ಇಷ್ಟು ಲಕ್ಷ ರೂಪಾಯಿ ಉಳಿತಾಯ ಬಜೆಟ್’. ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿ, ಬೀಳಗಿ, ಯಾವ ಊರಿನದಾದರೂ ಅಷ್ಟೆ. ಕೊರತೆಯ ಬಜೆಟ್ ಮಂಡನೆಯಾದದ್ದನ್ನು ಓದಿದ ನೆನಪು ನನಗಿಲ್ಲ. ಊರಿನ ಬೊಕ್ಕಸದಲ್ಲಿ ದುಡ್ಡು ಉಳಿದಿದೆ ಎಂದು ಓದಿದವನು ಖುಷಿಪಡಬೇಕು. ಆದರೆ ಇದು ಇನ್ನೂ ಬಾರದ ಅನುದಾನ, ಇನ್ನೂ ವಸೂಲಾಗದ ತೆರಿಗೆ, ಇನ್ನೂ ಹರಾಜಾಗದ ಮಳಿಗೆಗಳ ಬಾಡಿಗೆ ಎಲ್ಲವೂ ಬಂದೇ ಬರುತ್ತದೆಂದು ಬರೆದುಕೊಂಡ ಮೇಲೆ ಹಾಳೆಯ ತಳದಲ್ಲಿ ಕಾಣುವ ಉಳಿತಾಯ. ಅದರಲ್ಲಿ ಎಷ್ಟು ಬಂತು, ಬಂದದ್ದು ಎಲ್ಲಿ ಹೋಯಿತು ಎಂಬ ಸುದ್ದಿ ಮರುವರ್ಷ ಅಷ್ಟೇ ದಪ್ಪ ಅಕ್ಷರದಲ್ಲಿ ಬರುವುದಿಲ್ಲ. ಆ ಹೊತ್ತಿಗೆ ಮತ್ತೊಂದು ಉಳಿತಾಯ ಬಜೆಟ್ ಸಿದ್ಧವಾಗಿರುತ್ತದೆ.

ಹಾಗಾದರೆ ದುಡ್ಡು ಖರ್ಚು ಮಾಡುವ ಅಧಿಕಾರಿ ಯಾರಿಗೆ ಲೆಕ್ಕ ಹೇಳಬೇಕು? ನಗರಸಭೆಯಲ್ಲಿ ಅವರು ಪೌರಾಯುಕ್ತರು, ಬೀಳಗಿಯಂಥ ಪಟ್ಟಣ ಪಂಚಾಯಿತಿಯಲ್ಲಿ ಮುಖ್ಯಾಧಿಕಾರಿ. ಕಾಗದದ ಪ್ರಕಾರ ಅವರ ಮೇಲೆ ಕಣ್ಣಿಡುವವರು ಬೇಕಾದಷ್ಟು ಜನರಿದ್ದಾರೆ: ಸಾಮಾನ್ಯ ಸಭೆ, ಸ್ಥಾಯಿ ಸಮಿತಿ, ಜಿಲ್ಲಾ ನಗರಾಭಿವೃದ್ಧಿ ಕೋಶ, ಪೌರಾಡಳಿತ ನಿರ್ದೇಶನಾಲಯ, ಲೆಕ್ಕ ಪರಿಶೋಧಕರು, ಕೊನೆಗೆ ಲೋಕಾಯುಕ್ತ. ಈ ಪಟ್ಟಿಯಲ್ಲಿ ಇಲ್ಲದವನು ಒಬ್ಬನೇ, ತೆರಿಗೆ ಕಟ್ಟುವ ಓಣಿಯ ಮನುಷ್ಯ. ಅವನ ಮುಂದೆ, ಅವನ ವಾರ್ಡಿನಲ್ಲಿ ನಿಂತು ಲೆಕ್ಕ ಹೇಳುವುದು ಕಡ್ಡಾಯವಾಗಬೇಕು ಎನ್ನುವುದು ನನ್ನ ವಾದ. ಅಧಿಕಾರಿ ಒಳ್ಳೆಯವರಾದರೆ ಹೇಳಲಿ ಎಂಬಷ್ಟಕ್ಕೆ ಇದನ್ನು ಬಿಡುವಂತಿಲ್ಲ.

ಇದೇನು ಹೊಸ ಬೇಡಿಕೆ ಎಂದು ಹುಬ್ಬೇರಿಸುವವರು ಪಕ್ಕದ ಹಳ್ಳಿಯನ್ನೊಮ್ಮೆ ನೋಡಬೇಕು. ಗ್ರಾಮ ಪಂಚಾಯಿತಿಯಲ್ಲಿ ಗ್ರಾಮ ಸಭೆ ಉಂಟು, ವಾರ್ಡ್ ಸಭೆ ಉಂಟು. ವರ್ಷಕ್ಕೊಮ್ಮೆ ಆದಾಯ–ಖರ್ಚಿನ ಪುಸ್ತಕ ಬಿಚ್ಚಿಟ್ಟು, ನಡೆದ ಕಾಮಗಾರಿಗಳನ್ನು ಪರಿಶೀಲಿಸುವ ಜಮಾಬಂದಿ ಉಂಟು. ಅದಕ್ಕಾಗಿಯೇ 2004ರ ನಿಯಮಗಳಿವೆ. ಉದ್ಯೋಗ ಖಾತ್ರಿಯ ಸಾಮಾಜಿಕ ಪರಿಶೋಧನೆ ಬೇರೆ. ಇವೆಲ್ಲ ಸರಿಯಾಗಿ ನಡೆಯುತ್ತವೆ ಎಂದು ನಾನು ಹೇಳುತ್ತಿಲ್ಲ. ಚಹಾ ಕುಡಿಸಿ ಸಹಿ ಹಾಕಿಸಿಕೊಂಡು ಮುಗಿಸಿದ ಗ್ರಾಮ ಸಭೆಗಳ ಕತೆ ಎಲ್ಲರಿಗೂ ಗೊತ್ತು. ಆದರೂ ಹಟ ಹಿಡಿದು ಕೂತ ಒಬ್ಬ ಮುದುಕನಿಗೆ ಅಲ್ಲಿ ಕಾನೂನಿನ ನೆಲವಿದೆ. ‘ಸಭೆ ಯಾಕ ಕರ್ದಿಲ್ಲ?’ ಎಂದು ಅವನು ಕೇಳಬಲ್ಲ.

ಈಗ ಮುಧೋಳ ತಾಲ್ಲೂಕಿನ ಬೆಳಗಲಿಯನ್ನು ತೆಗೆದುಕೊಳ್ಳಿ. ರನ್ನ ಹುಟ್ಟಿದ ಊರು. ಗ್ರಾಮ ಪಂಚಾಯಿತಿಯಾಗಿದ್ದದ್ದು ಮೇಲ್ದರ್ಜೆಗೇರಿ ಪಟ್ಟಣ ಪಂಚಾಯಿತಿಯಾಯಿತು. ಬಡ್ತಿ ಸಿಕ್ಕಿತು, ನಾಮಫಲಕ ಬದಲಾಯಿತು, ಬರುವ ಅನುದಾನದ ಲೆಕ್ಕ ಬೇರೆಯಾಯಿತು. ಜೊತೆಗೇ ಗ್ರಾಮ ಸಭೆ ಹೋಯಿತು, ಜಮಾಬಂದಿಯೂ ಹೋಯಿತು. ಊರು ದೊಡ್ಡದಾದ ದಿನವೇ ಊರಿನವನ ಪ್ರಶ್ನೆ ಕೇಳುವ ಹಕ್ಕು ಕರಗಿತು. ‘ಅಭಿವೃದ್ಧಿ’ ಎಂಬ ಪದದ ಒಳಗೆ ಇಂಥದ್ದೊಂದು ಕಡಿತವೂ ಅಡಗಿರುತ್ತದೆ ಎಂದು ಸನ್ಮಾನ ಸಮಾರಂಭದಲ್ಲಿ ಯಾರೂ ಹೇಳುವುದಿಲ್ಲ.

ಇದರ ಬೇರು ಸಂವಿಧಾನದ 74ನೇ ತಿದ್ದುಪಡಿಯಲ್ಲಿದೆ. 1993ರ ಜೂನ್ 1ರಂದು ಜಾರಿಗೆ ಬಂದ ಆ ತಿದ್ದುಪಡಿ ಪಟ್ಟಣಗಳಿಗೆ ಸ್ವಯಮಾಡಳಿತದ ಮಾನ್ಯತೆ ಕೊಟ್ಟಿತು. ಆದರೆ ವಾರ್ಡ್ ಸಮಿತಿಯನ್ನು ಕಡ್ಡಾಯ ಮಾಡಿದ್ದು ಮೂರು ಲಕ್ಷ ಅಥವಾ ಅದಕ್ಕೂ ಹೆಚ್ಚು ಜನರಿರುವ ನಗರಗಳಿಗೆ ಮಾತ್ರ. 2011ರ ಜನಗಣತಿಯಲ್ಲಿ ನಮ್ಮ ನಾಲ್ಕು ಊರುಗಳಲ್ಲಿ ಯಾವುದೂ ಒಂದು ಲಕ್ಷವನ್ನೂ ಮುಟ್ಟಿರಲಿಲ್ಲ. ಹಳ್ಳಿಯವನಿಗೆ ಗ್ರಾಮ ಸಭೆ, ಬೆಂಗಳೂರಿನವನಿಗೆ ವಾರ್ಡ್ ಸಮಿತಿ, ನಡುವಿನ ಜಮಖಂಡಿಯವನಿಗೆ ಏನೂ ಇಲ್ಲ. ಹೆಚ್ಚಿನ ಸಮಿತಿ ಮಾಡಬೇಡಿ ಎಂದು ಸಂವಿಧಾನ ರಾಜ್ಯಗಳ ಕೈ ಕಟ್ಟಿಲ್ಲ. ಮಾಡಿಕೊಳ್ಳಬಹುದು ಎಂದೇ ಬಿಟ್ಟಿದೆ. ಕೇರಳ ಮಾಡಿಕೊಂಡಿತು. 1994ರ ಅದರ ಪುರಸಭಾ ಕಾಯ್ದೆ ಒಂದು ಲಕ್ಷದೊಳಗಿನ ಪಟ್ಟಣಗಳಲ್ಲಿ ವಾರ್ಡಿನ ಎಲ್ಲ ಮತದಾರರ ವಾರ್ಡ್ ಸಭೆಗೆ ಜಾಗ ಕೊಟ್ಟಿದೆ. ಅಂದರೆ ಕಾಸರಗೋಡು ಪಟ್ಟಣದ ಕನ್ನಡಿಗನಿಗೆ ಇರುವ ಸಭೆ ಬನಹಟ್ಟಿಯ ಕನ್ನಡಿಗನಿಗಿಲ್ಲ. ಗಡಿಯಾಚೆಯವರ ಸ್ಥಿತಿಗೆ ಮರುಗುವ ನಾವು ಈ ಒಂದು ವಿಷಯದಲ್ಲಿ ಅವರನ್ನು ನೋಡಿ ಹೊಟ್ಟೆಕಿಚ್ಚುಪಡಬಹುದು.

ನಮ್ಮಲ್ಲಿರುವುದು ಬಜೆಟ್ ಪೂರ್ವಭಾವಿ ಸಭೆ. ಅಂಥ ಒಂದು ಸಭೆಗೆ ನಾನೂ ಹೋಗಿದ್ದೆ. ಊರಿನ ಹೆಸರು ಬರೆಯುವುದಿಲ್ಲ, ನಾಲ್ಕೂ ಊರಿನವರು ತಮ್ಮದೇ ಎಂದುಕೊಂಡಾರು. ಕುರ್ಚಿ ಐವತ್ತು, ಜನ ಹದಿನೇಳು, ಅದರಲ್ಲಿ ಸಿಬ್ಬಂದಿಯೇ ಎಂಟು. ಹಿರಿಯರೊಬ್ಬರು ಎದ್ದರು: ‘ಸಾಹೇಬ್ರ, ನಮ್ಮ ಓಣ್ಯಾಗ ಗಟಾರ ಕಟ್ಟಿ ಮೂರು ವರ್ಷ ಆತ್ರಿ. ನೀರು ಹರಿಯಂಗಿಲ್ಲ, ಹಿಂದಕ್ಕ ಬರತೈತಿ.’ ಉತ್ತರ ಮೆತ್ತಗಿತ್ತು: ‘ಮುಂದಿನ ಕ್ರಿಯಾ ಯೋಜನೆದಾಗ ತಗೊಳ್ಳೋಣ್ರಿ, ಯಜಮಾನ್ರ.’ ಹಿರಿಯರು ಕೈ ಮುಗಿದು ಕೂತರು. ಮೂರು ವರ್ಷದ ಹಿಂದೆ ಆ ಗಟಾರಕ್ಕೆ ಎಷ್ಟು ಬಿಲ್ ಆಯಿತು, ಇಳಿಜಾರು ನೋಡಿ ಎಂ.ಬಿ. ಪುಸ್ತಕದಲ್ಲಿ ಅಳತೆ ಬರೆದವರು ಯಾರು, ಗುತ್ತಿಗೆದಾರರ ನಿರ್ವಹಣಾ ಅವಧಿ ಮುಗಿದಿತ್ತೇ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಕೇಳಲು ಕೈಯಲ್ಲಿ ಕಾಗದ ಬೇಕಲ್ಲ. ಆ ಮೇಲೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿದೆ. ಅಂದಾಜು ಪತ್ರಿಕೆ ಬಂತು, ಕಾರ್ಯಾದೇಶ ಬಂತು, ಅಳತೆಯ ಪುಟ ಮಾತ್ರ ಬರಲಿಲ್ಲ. ಕೇಳಿದರಷ್ಟೇ ಕೊಡುವುದಲ್ಲ, ಕೇಳುವ ಮೊದಲೇ ತಾವಾಗಿ ಪ್ರಕಟಿಸಬೇಕು ಎನ್ನುವುದು 2005ರ ಆ ಕಾಯ್ದೆಯ ನಾಲ್ಕನೇ ಸೆಕ್ಷನ್. ಇಪ್ಪತ್ತು ವರ್ಷವಾದ ಮೇಲೂ ನಾವು ಕೇಳುತ್ತಲೇ ಇದ್ದೇವೆ.

ವಿಚಿತ್ರವೆಂದರೆ ಲೆಕ್ಕ ನೋಡುವುದರಲ್ಲಿ ನಮ್ಮ ಜನ ದಡ್ಡರೇನಲ್ಲ. ಮುಧೋಳದ ರೈತ ಕಾರ್ಖಾನೆಯ ಕಾಟಾದ ಮುಂದೆ ಕಬ್ಬಿನ ತೂಕಕ್ಕಾಗಿ ಜಗಳಕ್ಕೇ ನಿಲ್ಲುತ್ತಾನೆ. ರಬಕವಿಯ ನೇಕಾರ ಮಜೂರಿಯಲ್ಲಿ ನಾಲ್ಕಾಣೆ ಹಿಡಿದರೂ ಬಿಡುವುದಿಲ್ಲ. ಜಾತ್ರೆಗೆ ಎತ್ತಿದ ಪಟ್ಟಿಯ ಲೆಕ್ಕವನ್ನು ಗುಡಿಯ ಕಟ್ಟೆಯ ಮೇಲೆ ಓದದಿದ್ದರೆ ಮರುವರ್ಷ ಪಟ್ಟಿ ಹುಟ್ಟುವುದಿಲ್ಲ. ಅದೇ ಮನುಷ್ಯ ನಗರಸಭೆಯ ಮೆಟ್ಟಿಲು ಹತ್ತಿದೊಡನೆ ಅರ್ಜಿದಾರನಾಗುತ್ತಾನೆ. ಅಲ್ಲಿಯ ದುಡ್ಡು ತನ್ನದೆಂದು ಅವನಿಗೆ ಅನ್ನಿಸುವುದಿಲ್ಲ. ‘ಅನುದಾನ’ ಎಂಬ ಶಬ್ದವೇ ಅದಕ್ಕೆ ಕಾರಣವೇನೋ. ದಾನ ಪಡೆದವನು ಲೆಕ್ಕ ಕೇಳುವುದುಂಟೆ?

ತನ್ನದು ಅನ್ನಿಸಿದಾಗ ಏನಾಗುತ್ತದೆಂದು ಜಮಖಂಡಿ ತಾಲ್ಲೂಕು 1989ರಲ್ಲೇ ತೋರಿಸಿದೆ. ಸಿದ್ದು ನ್ಯಾಮಗೌಡರ ಮುಂದಾಳ್ತನದಲ್ಲಿ ಕೃಷ್ಣಾ ತೀರದ ರೈತರು ತಮ್ಮದೇ ದೇಣಿಗೆ, ತಮ್ಮದೇ ಶ್ರಮದಾನದಿಂದ ಚಿಕ್ಕಪಡಸಲಗಿಯಲ್ಲಿ ಬ್ಯಾರೇಜು ಕಟ್ಟಿದರು. ಅದಕ್ಕೆ ಶ್ರಮಬಿಂದು ಸಾಗರ ಎಂದೇ ಹೆಸರು. ಅದೇ 1989ರಲ್ಲಿ ಬ್ರೆಜಿಲಿನ ಪೋರ್ತೊ ಅಲೆಗ್ರೆ ನಗರ ತನ್ನ ಬಜೆಟ್ಟಿನ ಒಂದು ಭಾಗವನ್ನು ಬಡಾವಣೆಯ ಜನರ ಸಭೆಗಳಿಗೆ ಬಿಟ್ಟಿತು. ಲೋಕವೆಲ್ಲ ಅದನ್ನು ಅಧ್ಯಯನ ಮಾಡಿತು. ನಾವು ನಮ್ಮ ಬ್ಯಾರೇಜಿಗೆ ಹಾರ ಹಾಕಿ, ನ್ಯಾಮಗೌಡರನ್ನು 1991ರಲ್ಲಿ ಲೋಕಸಭೆಗೆ ಕಳಿಸಿ, ಪಾಠವನ್ನು ಮಾತ್ರ ನದಿಯಲ್ಲೇ ಬಿಟ್ಟೆವು.

ವಾರ್ಡಿನಲ್ಲೇ ಲೆಕ್ಕ ಹೇಳಬೇಕೆಂಬ ಬೇಡಿಕೆಗೆ ಬರುವ ಆಕ್ಷೇಪಗಳಲ್ಲಿ ಗಟ್ಟಿಯಾದದ್ದು ಸದಸ್ಯರದು. ವಾರ್ಡಿಗೆ ಚುನಾಯಿತರಾದವರು ನಾವು, ಪೌರಾಯುಕ್ತರು ನೇರವಾಗಿ ಜನರ ಬಳಿ ಹೋದರೆ ನಾವೇಕೆ ಎನ್ನುತ್ತಾರೆ. ಮಾತಿನಲ್ಲಿ ನ್ಯಾಯವಿದೆ. ಅಧಿಕಾರಿಯೇ ಜನನಾಯಕನಂತೆ ಮೆರೆಯುವುದು ಪ್ರಜಾಪ್ರಭುತ್ವಕ್ಕೆ ಒಳ್ಳೆಯದಲ್ಲ. ಆದರೆ ವಾರ್ಡ್ ಸಭೆಯ ಅಧ್ಯಕ್ಷತೆ ಸದಸ್ಯರದೇ ಇರಲಿ. ಠರಾವು ಮಾಡಿದವರು ಅವರು, ಚೆಕ್ಕಿಗೆ ಸಹಿ ಹಾಕಿದವರು ಇವರು, ಇಬ್ಬರೂ ಒಂದೇ ಮೇಜಿನ ಹಿಂದೆ ಕೂರಲಿ. ಇನ್ನೊಂದು ಮಾತನ್ನೂ ಸದಸ್ಯರು ನೆನೆಯಬೇಕು. 2018ರ ಆಗಸ್ಟ್ 31ರಂದು ರಾಜ್ಯದ ನೂರಕ್ಕೂ ಹೆಚ್ಚು ಪಟ್ಟಣಗಳಿಗೆ ಚುನಾವಣೆ ನಡೆಯಿತು. ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿ ಕೋರ್ಟಿನ ಮೆಟ್ಟಿಲೇರಿತು. ಗೆದ್ದವರು ಎರಡು ವರ್ಷ ಅಧಿಕಾರವಿಲ್ಲದೆ ಕೂತರು, ಊರನ್ನು ಆಡಳಿತಾಧಿಕಾರಿ ನೋಡಿಕೊಂಡರು. ಆ ಅವಧಿಯ ಖರ್ಚಿನ ಲೆಕ್ಕ ಯಾವ ಚುನಾಯಿತ ಸಭೆಯ ಮುಂದೆ ಬರಬೇಕಿತ್ತು?

ಅಧಿಕಾರಿ ವರ್ಷ ತುಂಬುವ ಮೊದಲೇ ವರ್ಗವಾಗುತ್ತಾರೆ, ಹಿಂದಿನವರ ಕೆಲಸಕ್ಕೆ ಅವರು ಹೇಗೆ ಉತ್ತರಿಸಬೇಕು ಎನ್ನುವವರೂ ಇದ್ದಾರೆ. ಲೆಕ್ಕ ಕುರ್ಚಿಯದು. ಕುರ್ಚಿಗೆ ವರ್ಗಾವಣೆ ಇಲ್ಲ.

ಕೆಲವು ಉತ್ಸಾಹಿ ಅಧಿಕಾರಿಗಳು ಈಗ ವಾಟ್ಸ್‌ಆ್ಯಪ್‌ನಲ್ಲಿ ದಿನಕ್ಕೊಂದು ಮಾಹಿತಿ ಹಾಕುತ್ತಾರೆ: ಸ್ವಚ್ಛತಾ ಅಭಿಯಾನ, ಸಸಿ ನೆಟ್ಟ ಫೋಟೊ, ಅತಿಕ್ರಮಣ ತೆರವು. ಬೇಡವೆನ್ನಲಾರೆ, ಏನೂ ಹೇಳದವರಿಗಿಂತ ಇವರು ವಾಸಿ. ಆದರೆ ಅದರಲ್ಲಿ ಮಾಡಿದ್ದು ಇರುತ್ತದೆ, ಮಾಡದೆ ಉಳಿದದ್ದು ಇರುವುದಿಲ್ಲ. ಲೆಕ್ಕವೆಂದರೆ ಎರಡೂ ಕಾಲಂ ಬೇಕು. ಪರಿಶಿಷ್ಟರಿಗೆಂದು ತೆಗೆದಿಡಬೇಕಾದ ಶೇ 24.10, ಇತರ ಬಡವರ ಶೇ 7.25, ಅಂಗವಿಕಲರ ಶೇ 5ರ ನಿಧಿಗಳಲ್ಲಿ ಎಷ್ಟು ಖರ್ಚಾಗದೆ ಮಾರ್ಚ್ ದಾಟಿತು ಎಂಬ ಸಂದೇಶ ಯಾವ ಗುಂಪಿನಲ್ಲೂ ನನಗೆ ಬಂದಿಲ್ಲ. ಒಂದೇ ರಸ್ತೆಯನ್ನು ಮೂರು ತುಂಡು ಮಾಡಿ ಟೆಂಡರ್ ಇಲ್ಲದೆ ತುಂಡು ಗುತ್ತಿಗೆ ಕೊಟ್ಟರೆ ಅದರ ಫೋಟೊ ತೆಗೆಯುವವರಿಲ್ಲ. ನಗರಸಭೆಯ ಗುತ್ತಿಗೆಯಲ್ಲಿ ಪಾಲಿದ್ದವನು ಸದಸ್ಯನಾಗಿರುವಂತಿಲ್ಲ ಎಂದು 1964ರ ಪುರಸಭೆಗಳ ಕಾಯ್ದೆ ಹೇಳುತ್ತದೆ. ಆದರೆ ಯಾವ ಕೆಲಸ ಯಾರ ಹೆಸರಿನಲ್ಲಿದೆ ಎಂಬ ಫಲಕವೇ ಓಣಿಯಲ್ಲಿ ಇಲ್ಲದಿದ್ದರೆ ಅದನ್ನು ಗುರುತಿಸುವವರು ಯಾರು? ಗುತ್ತಿಗೆದಾರ ಯಾರ ಅಳಿಯ, ಯಾರ ಪಾಲುದಾರ ಎಂದು ಲೆಕ್ಕ ಪರಿಶೋಧಕರಿಗೆ ತಿಳಿಯದು; ಓಣಿಯ ಕಟ್ಟೆಗೆ ತಿಳಿದಿರುತ್ತದೆ.

ಸುರಕ್ಷತೆಯ ಮಾತನ್ನೂ ಖರ್ಚಿನಿಂದ ಬೇರೆ ಮಾಡಿ ನೋಡಲಾಗದು. 2022ರ ಬೇಸಿಗೆಯ ಕೊನೆಯಲ್ಲಿ ರಾಯಚೂರಿನಲ್ಲಿ ನಲ್ಲಿಯ ಕಲುಷಿತ ನೀರು ಕುಡಿದು ಜನ ಸತ್ತರು. ನೀರಿನ ಶುದ್ಧೀಕರಣ ಘಟಕದ ನಿರ್ವಹಣೆ ಆಗ ರಾಜ್ಯದ ಸುದ್ದಿಯಾಯಿತು. ಟ್ಯಾಂಕ್ ತೊಳೆಯುವುದು, ಬ್ಲೀಚಿಂಗ್ ಪುಡಿ, ನೀರಿನ ಪರೀಕ್ಷೆ, ಇವು ಪ್ರತಿ ಬಜೆಟ್ಟಿನಲ್ಲೂ ಇರುವ ಸಣ್ಣ ಸಾಲುಗಳು. ಟ್ಯಾಂಕಿನ ಕಂಬದ ಮೇಲೆ ಕೊನೆಯ ಬಾರಿ ತೊಳೆದ ತಾರೀಖು ಬರೆಯಲು ಎಷ್ಟು ಬಣ್ಣ ಬೇಕು? ಪೌರಕಾರ್ಮಿಕರ ಕೈಗವಸು, ಗಮ್‌ಬೂಟಿನ ಸಾಲೂ ಹೀಗೆಯೇ. ಬಿಲ್ಲಿನಲ್ಲಿ ಬೂಟು ಇರುತ್ತದೆ, ಬೆಳಗಿನ ಐದೂವರೆಗೆ ಗಟಾರಕ್ಕಿಳಿದವರ ಕಾಲಲ್ಲಿ ಇದೆಯೋ ಇಲ್ಲವೋ ಎಂದು ಓಣಿಯವರು ಮಾತ್ರ ಹೇಳಬಲ್ಲರು.

ಹಾಗೆಯೇ ಹೊಳೆ. ಘಟಪ್ರಭೆ ಏರಿದರೆ ಯಾದವಾಡ ಸೇತುವೆ ಮುಳುಗುವುದು, ಮುಧೋಳದ ತಗ್ಗಿನ ಓಣಿಗಳಿಗೆ ನೀರು ನುಗ್ಗುವುದು 2019ರಲ್ಲಿ ಆಯಿತು, 2021ರಲ್ಲಿ ಮತ್ತೆ ಆಯಿತು. ಹಿಡಕಲ್ ಜಲಾಶಯದಿಂದ ಎಷ್ಟು ಕ್ಯೂಸೆಕ್ ಬಿಟ್ಟರೆ ಯಾವ ಓಣಿಯ ಯಾವ ಮನೆಯ ಹೊಸ್ತಿಲು ಮುಟ್ಟುತ್ತದೆಂದು ಅಲ್ಲಿಯ ಹೆಣ್ಣುಮಕ್ಕಳಿಗೆ ಬಾಯಿಪಾಠ. ಕಾಳಜಿ ಕೇಂದ್ರದ ಊಟದ ಬಿಲ್ಲು, ಬಾಡಿಗೆ ಟ್ರ್ಯಾಕ್ಟರಿನ ಬಿಲ್ಲು, ನೆರೆ ಇಳಿದ ಮೇಲೆ ಕೆಸರು ಎತ್ತಿದ ಬಿಲ್ಲು, ತುರ್ತಿನ ಹೆಸರಿನಲ್ಲಿ ಅವಸರವಾಗಿ ಪಾಸಾಗುವ ಖರ್ಚುಗಳಿವು. ಅವನ್ನು ನೀರು ಇಳಿದ ತಿಂಗಳಲ್ಲೇ ಅದೇ ಓಣಿಯಲ್ಲಿ ಓದಿದರೆ ತಪ್ಪನ್ನು ಅಲ್ಲೇ ಹಿಡಿಯುತ್ತಾರೆ. ಮೂರು ವರ್ಷದ ಮೇಲೆ ಲೆಕ್ಕ ಪರಿಶೋಧನೆಯ ಆಕ್ಷೇಪಣೆಯಾಗಿ ಬಂದರೆ ಉತ್ತರ ಬರೆಯುವವರು ಬೇರೆ ಊರಿನಲ್ಲಿರುತ್ತಾರೆ.

ಸಭೆ ಕರೆದರೆ ಗದ್ದಲವಾಗುತ್ತದೆ, ಪಕ್ಷದವರು ಬಂದು ಕೆಡಿಸುತ್ತಾರೆ ಎಂಬ ಭಯ ಸುಳ್ಳಲ್ಲ. ಗದ್ದಲ ಆಗಲಿ. ಹದಿನೇಳು ಜನರ ಮೌನ ಸಭೆಗಿಂತ ನೂರು ಜನರ ಗದ್ದಲದಲ್ಲಿ ಒಂದು ಗಟಾರವಾದರೂ ನೆಟ್ಟಗಾಗುವ ಸಂಭವ ಹೆಚ್ಚು.

ಕಾಯ್ದೆ ತಿದ್ದುವುದು ವಿಧಾನಸೌಧದ ಕೆಲಸ, ಅಲ್ಲಿಯವರೆಗೆ ಕಾಯಬೇಕಿಲ್ಲ. ಏಪ್ರಿಲ್‌ನಲ್ಲಿ ಆಸ್ತಿ ತೆರಿಗೆ ಕಟ್ಟಿದವರಿಗೆ ಶೇ 5 ರಿಯಾಯಿತಿ ಕೊಡುವ ಕಚೇರಿ, ಅದೇ ಚಲನ್ನಿನ ಬೆನ್ನಿಗೆ ಹೋದ ವರ್ಷ ಆ ವಾರ್ಡಿನಲ್ಲಿ ಆದ ಕೆಲಸ, ಗುತ್ತಿಗೆದಾರರ ಹೆಸರು, ಕೊಟ್ಟ ಮೊತ್ತ ಅಚ್ಚು ಹಾಕಿಸಬಹುದು. ಇದಕ್ಕೆ ಯಾರ ಅನುಮೋದನೆಯೂ ಬೇಕಾಗಲಾರದು, ಮನಸ್ಸೊಂದಿದ್ದರೆ ಸಾಕು.

ಬರುವ ಬಜೆಟ್ ಪೂರ್ವಭಾವಿ ಸಭೆಯ ಪ್ರಕಟಣೆ ಪತ್ರಿಕೆಯ ಮೂಲೆಯಲ್ಲಿ ಸಣ್ಣಗೆ ಬರುತ್ತದೆ, ಹುಡುಕಿ. ಹೋಗುವಾಗ ಹೊಸ ಗಟಾರದ ಅರ್ಜಿಯನ್ನು ಮನೆಯಲ್ಲೇ ಬಿಟ್ಟು ಹೋಗಿ. ಹಳೆಯ ಗಟಾರದ ಬಿಲ್ ಕೇಳಿ.