ಬೈಸಿಕಲ್ಲಿನ ಕೈಹಿಡಿಗಳ ವಿಚಾರ

ಈ ತಿಂಗಳ ತಲೆಬರಹವನ್ನು ಕಂಡು ನಮ್ಮ ವಾಚಕರಲ್ಲಿ ಕೆಲವರು ನಗಬಹುದು. ಮಕ್ಕಳ ವಿದ್ಯಾಭ್ಯಾಸ, ಮನೆಯ ಖರ್ಚು, ಮುಪ್ಪಿನ ಆರೋಗ್ಯ ಮೊದಲಾದ ಘನವಾದ ವಿಷಯಗಳು ಎಷ್ಟೋ ಇರುವಾಗ, ಬೈಸಿಕಲ್ಲಿನ ಹ್ಯಾಂಡಲಿನ ತುದಿಗೆ ಸಿಕ್ಕಿಸುವ ಐದಂಗುಲದ ರಬ್ಬರಿನ ಕೊಳವೆಯನ್ನು ಕುರಿತು ಬರೆಯಹೊರಟ ಈ ಮೇಷ್ಟರಿಗೆ ಬೇರೆ ಕೆಲಸವಿಲ್ಲವೆ ಎಂದು ಕೇಳಿದರೂ ಕೇಳಬಹುದು. ನಗುವವರು ನಗಲಿ. ಬೈಸಿಕಲ್ಲು ತುಳಿಯುವ ಹುಡುಗನೋ ಹುಡುಗಿಯೋ ಅಥವಾ ನಮ್ಮಂತಹ ವಯಸ್ಸಾದವರೋ ಮನೆಯಲ್ಲಿರುವವರು ಮಾತ್ರ ಇದನ್ನು ಕೊನೆಯವರೆಗೆ ಓದಬೇಕೆಂದು ಕೇಳಿಕೊಳ್ಳುತ್ತೇವೆ. ಈ ಅಲ್ಪವಸ್ತುವಿನ ವಿಷಯದಲ್ಲಿ ನಾವು ಮಾಡಿದ ತಪ್ಪಿನಿಂದ ನಮ್ಮ ಮನೆಯ ಮಗುವೊಂದಕ್ಕೆ ಪೆಟ್ಟಾಯಿತು. ಆ ತಪ್ಪು ಇನ್ನೊಬ್ಬರ ಮನೆಯಲ್ಲಿ ನಡೆಯಬಾರದೆಂಬುದೇ ಈ ಲೇಖನದ ಉದ್ದೇಶ.

ಕತ್ತಿಯ ಹಿಡಿಗೆ ಸಂಸ್ಕೃತದಲ್ಲಿ ‘ತ್ಸರು’ ಎಂಬ ಪ್ರತ್ಯೇಕವಾದ ಹೆಸರುಂಟು. ಹಿಂದೊಮ್ಮೆ ಅಮರಕೋಶವನ್ನು ಪಾಠ ಹೇಳುತ್ತಿದ್ದಾಗ ಒಬ್ಬ ಹುಡುಗನು, “ಕತ್ತಿಗೆ ಇಷ್ಟು ಹೆಸರುಗಳಿರುವಾಗ ಅದರ ಹಿಡಿಗೂ ಬೇರೆ ಹೆಸರೇಕೆ ಸ್ವಾಮಿ?” ಎಂದು ಕೇಳಿದ್ದನು. ತಕ್ಕ ಉತ್ತರವು ಹೊಳೆಯದೆ ಅವನನ್ನು ಗದರಿಸಿ ಕುಳ್ಳಿರಿಸಿದೆವು. ಅಲಗು ಎಷ್ಟು ಹರಿತವಾಗಿದ್ದರೂ ಹಿಡಿ ಸಡಿಲವಾದರೆ ಕತ್ತಿ ಹಿಡಿದವನಿಗೇ ಅಪಾಯವೆಂಬ ಉತ್ತರವು ಅರುವತ್ತನೆಯ ವಯಸ್ಸಿನಲ್ಲಿ ನಮಗೆ ತಿಳಿದುಬಂದಿತು.

ನಾವು ಕೆಲಸದಿಂದ ನಿವೃತ್ತರಾದ ವರ್ಷ ನಮ್ಮ ಮಗನು ಪರಊರಿಗೆ ವರ್ಗವಾಗಿ ಹೋಗುವಾಗ, ಅಂಗಡಿಯವರು ಮೌಂಟನ್ ಬೈಕು ಎಂದು ಕರೆಯುವ ತನ್ನ ಗಡುಸಾದ ಬೈಸಿಕಲ್ಲನ್ನು ಮೈಸೂರಿನ ನಮ್ಮ ಮನೆಯಲ್ಲಿ ಬಿಟ್ಟುಹೋದನು. ತುಕ್ಕು ಹಿಡಿಯುವುದೇಕೆಂದು ಬೆಳಗಿನ ಹೊತ್ತು ನಾವೇ ಅದನ್ನೇರಿ ಕುಕ್ಕರಹಳ್ಳಿ ಕೆರೆಯ ಕಡೆಗೂ, ಅಭ್ಯಾಸವಾದ ಮೇಲೆ ಚಾಮುಂಡಿಬೆಟ್ಟದ ಬುಡದವರೆಗೂ ಹೋಗಿಬರುತ್ತಿದ್ದೆವು. ಹಸಿವು ನಿದ್ರೆಗಳು ಚೆನ್ನಾದುವು. ಆದರೆ ಎರಡು ತಿಂಗಳಾಗುವಷ್ಟರಲ್ಲಿ ಬಲಗೈಯ ಕಿರುಬೆರಳೂ ಅದರ ಪಕ್ಕದ ಬೆರಳೂ ಜೋಮು ಹಿಡಿಯತೊಡಗಿದುವು. ಮೊದಮೊದಲು ಸ್ನಾನದ ಹೊತ್ತಿಗೆ ಸರಿಹೋಗುತ್ತಿದ್ದ ಆ ಜೋಮು ಬರುಬರುತ್ತ ಮಧ್ಯಾಹ್ನದವರೆಗೂ ನಿಂತಿತು. ಒಂದು ದಿನ ಕಾಫಿಯ ಲೋಟವು ಕೈಯಿಂದ ಜಾರಿತು. ಬರೆದ ಅಕ್ಷರಗಳು ನಮ್ಮವೆಂದು ನಮಗೇ ನಂಬಿಕೆಯಾಗದಂತೆ ಸೊಟ್ಟಗಾದುವು. ಪಾರ್ಶ್ವವಾಯುವೇ ಬಂದಿತೆಂದು ಹೆದರಿ, ಆ ಹೆದರಿಕೆಯನ್ನು ಮೂರು ವಾರ ಮನೆಯವರಿಂದ ಮುಚ್ಚಿಟ್ಟೆವು. ವಿದ್ಯಾವಂತರು ಮಾಡತಕ್ಕ ಕೆಲಸವಲ್ಲ ಅದು.

ಕಡೆಗೆ ಮನೆಯವರ ಒತ್ತಾಯದಿಂದ ವೈದ್ಯರಲ್ಲಿಗೆ ಹೋದಾಗ ಅವರು ನಮ್ಮ ಅಂಗೈಯನ್ನು ಒತ್ತಿ ನೋಡಿ, “ಬೈಸಿಕಲ್ಲು ತುಳಿಯುವಿರಾ?” ಎಂದು ಕೇಳಿದರು. ಅವರು ತಿಳಿಸಿದುದಿಷ್ಟು. ಮೊಣಕೈಯ ಹಿಂದಿನಿಂದ ಇಳಿದು ಕಿರುಬೆರಳಿನ ಕಡೆಗೆ ಹೋಗುವ ಅಲ್ನಾರ್ ಎಂಬ ನರವು ಮಣಿಕಟ್ಟಿನ ಹತ್ತಿರ ಒಂದು ಇಕ್ಕಟ್ಟಾದ ಹಾದಿಯಲ್ಲಿ ಸಾಗುತ್ತದೆ. ಫ್ರಾನ್ಸಿನ ಶಸ್ತ್ರವೈದ್ಯ ಗುಯೋನ್ ಎಂಬವರು 1861ರಲ್ಲಿ ಇದನ್ನು ವರ್ಣಿಸಿದುದರಿಂದ ಆ ಹಾದಿಗೆ ಅವರ ಹೆಸರೇ ಉಳಿದಿದೆ. ಅಂಗೈಯ ಬುಡವನ್ನು ಗಟ್ಟಿಯಾದ ಹ್ಯಾಂಡಲಿನ ಮೇಲೆ ಬಹಳ ಹೊತ್ತು ಊರಿದರೆ ಅಲ್ಲಿ ನರವು ಅದುಮಿಹೋಗಿ ಬೆರಳುಗಳು ಜೋಮು ಹಿಡಿಯುತ್ತವೆ. ಒತ್ತಡವು ತಪ್ಪಿದರೆ ಸಾಮಾನ್ಯವಾಗಿ ಗುಣವಾಗುತ್ತದೆ. ಇಲ್ಲಿ ವಾಚಕರಿಗೊಂದು ಎಚ್ಚರಿಕೆಯನ್ನು ಹೇಳಬೇಕು. ಸವಾರಿಯನ್ನು ಬಿಟ್ಟ ಮೇಲೂ ಜೋಮು ಹೋಗದಿದ್ದರೆ, ಇಲ್ಲವೆ ಕೈಯ ಬಲ ಕುಗ್ಗಿದರೆ, ಓಡಬೇಕಾದುದು ವೈದ್ಯರಲ್ಲಿಗೆ, ಬೈಸಿಕಲ್ಲಿನ ಅಂಗಡಿಗಲ್ಲ.

ನಮ್ಮ ತಂದೆಯವರ ಕಾಲದ ಕಪ್ಪು ಬೈಸಿಕಲ್ಲಿನಲ್ಲಿ ಈ ಬಾಧೆ ನಮಗೆ ಬಂದಿರಲಿಲ್ಲವಲ್ಲ ಎಂದು ಯೋಚಿಸಿದಾಗ ಕಾರಣವು ಹೊಳೆಯಿತು. ಆ ಗಾಡಿಯ ಹ್ಯಾಂಡಲು ಸವಾರನ ಕಡೆಗೆ ಬಾಗಿರುತ್ತಿತ್ತು. ಬೆನ್ನು ನೆಟ್ಟಗಿದ್ದು ಮೈಭಾರವೆಲ್ಲ ಸೀಟಿನ ಮೇಲೆ ಬೀಳುತ್ತಿತ್ತು. ಮೌಂಟನ್ ಬೈಕಿನ ಹುಟ್ಟೇ ಬೇರೆ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಮರಿನ್ ಎಂಬ ಸೀಮೆಯ ತರುಣರು 1970ರ ದಶಕದಲ್ಲಿ ದಪ್ಪ ಟೈರಿನ ಹಳೆಯ ಬೈಸಿಕಲ್ಲುಗಳನ್ನೇರಿ ಬೆಟ್ಟದ ಮಣ್ಣುಹಾದಿಗಳಲ್ಲಿ ಧುಮುಕುತ್ತಿದ್ದರು. 1976ರಲ್ಲಿ ಅವರು ಪಂದ್ಯವನ್ನೇ ಆರಂಭಿಸಿದರು. ಬ್ರೇಕು ಹಾಕಿ ಹಾಕಿ ಹಿಂದಿನ ಚಕ್ರದ ಗುಂಬದೊಳಗಿನ ಗ್ರೀಸು ಉರಿದುಹೋಗಿ ಮತ್ತೆ ತುಂಬಬೇಕಾಗುತ್ತಿದ್ದುದರಿಂದ ಆ ಪಂದ್ಯಕ್ಕೆ ‘ರಿಪ್ಯಾಕ್’ ಎಂದೇ ಹೆಸರಾಯಿತು. 1977ರಲ್ಲಿ ಜೋ ಬ್ರೀಜ್ ಎಂಬವರು ಈ ಸವಾರಿಗೆಂದೇ ಹೊಸ ಚೌಕಟ್ಟನ್ನು ಕಟ್ಟಿದರು. ಇಂದಿನ ಮೌಂಟನ್ ಬೈಕಿನ ಹ್ಯಾಂಡಲು ಹೆಚ್ಚು ಕಡಿಮೆ ನೇರ; ಸವಾರನು ಮುಂದಕ್ಕೆ ಬಾಗಿರುವನು; ಅವನ ಮೈಭಾರದ ಒಂದು ಪಾಲನ್ನು ಅಂಗೈಗಳೇ ಹೊರಬೇಕು. ಆದಕಾರಣ ಕೈಹಿಡಿಯು ಇಲ್ಲಿ ಅಲಂಕಾರವಲ್ಲ, ಆಧಾರ.

ವೈದ್ಯರು ಹೇಳಿದುದನ್ನು ನಾವು ಅರ್ಧ ಕೇಳಿದೆವು. ಅಂಗಡಿಗೆ ಹೋಗಿ, ಒತ್ತಿದರೆ ಮೆತ್ತಗಿರುವ, ನೋಡಲು ದುಂಡಗಿರುವ, ದಪ್ಪವಾದ ಒಂದು ಜೊತೆ ರಬ್ಬರಿನ ಕೈಹಿಡಿಗಳನ್ನು 180 ರೂಪಾಯಿ ಕೊಟ್ಟು ತಂದೆವು. ಕೊಳವೆಯ ಮೇಲೆ ಅದು ಸುಲಭವಾಗಿ ಏರಲಿಲ್ಲ. ನಾವು ಬುದ್ಧಿವಂತಿಕೆಯಿಂದ ಅಡಿಗೆಮನೆಯ ಕೊಬ್ಬರಿಯೆಣ್ಣೆಯನ್ನು ಸವರಿದೆವು. ಬೆಣ್ಣೆಯಲ್ಲಿ ಬೆರಳಿಟ್ಟಂತೆ ಜಾರಿ ಒಳಗೆ ಹೋಯಿತು. ನಾವು ಹಿಗ್ಗಿದೆವು.

ಆಷಾಢದಲ್ಲಿ ನಮ್ಮ ಮಗಳ ಮಗನು ರಜೆಗೆ ಬಂದಿದ್ದನು. ಹದಿನೈದು ವರ್ಷದ ಹುಡುಗ. ಬೆಳಗ್ಗೆ ಬೈಸಿಕಲ್ಲನ್ನು ತೆಗೆದುಕೊಂಡು ಬೆಟ್ಟಕ್ಕೆ ಹೋದವನು ಇಳಿಯುವಾಗ ತುಂತುರು ಮಳೆ ಹಿಡಿಯಿತು. ತಿರುವಿನಲ್ಲಿ ಬ್ರೇಕು ಹಿಡಿಯಹೋದಾಗ ಬಲಗಡೆಯ ಕೈಹಿಡಿಯು ಕೊಳವೆಯ ಮೇಲೆ ಗಿರ್ರನೆ ತಿರುಗಿತು. ಬೆರಳುಗಳು ಬ್ರೇಕಿನ ಸನ್ನೆಯಿಂದ ತಪ್ಪಿದುವು. ಹುಡುಗನು ದಾರಿಯ ಬದಿಯ ಮಣ್ಣಿನ ಮೇಲೆ ಬಿದ್ದನು. ಮೊಣಕೈ ಮೊಣಕಾಲುಗಳು ತರಚಿದುವು. ಗಲ್ಲಕ್ಕೆ ಮೂರು ಹೊಲಿಗೆ ಬಿದ್ದಿತು. ಎದುರಿನಿಂದ ಆ ಗಳಿಗೆಯಲ್ಲಿ ಬಸ್ಸು ಬಾರದಿದ್ದುದು ತಾಯಿ ಚಾಮುಂಡಿಯ ಕೃಪೆ. ಗಾಯವನ್ನು ತೊಳೆಯುತ್ತಿದ್ದಾಗ ಅವನು, “ನಾನೇ ಸರಿಯಾಗಿ ಹಿಡಿಯಲಿಲ್ಲ ತಾತ” ಎಂದನು. ತಪ್ಪು ಅವನದಲ್ಲ, ನಮ್ಮ ಕೊಬ್ಬರಿಯೆಣ್ಣೆಯದು ಎಂದು ಹೇಳಲು ನಮಗೆ ಸಂಜೆಯವರೆಗೆ ಬಾಯಿ ಬರಲಿಲ್ಲ.

ಆಮೇಲೆ ಒಬ್ಬ ಅನುಭವಸ್ಥ ರಿಪೇರಿಯವರಲ್ಲಿ ಕುಳಿತು ಕೇಳಿ ಕಲಿತುದನ್ನೂ, ಸ್ವತಃ ಪರೀಕ್ಷಿಸಿ ನೋಡಿದುದನ್ನೂ ಕ್ರಮವಾಗಿ ಬರೆಯುತ್ತೇವೆ.

ಮೊದಲು ಕಾಸು ಖರ್ಚಿಲ್ಲದ ಕೆಲಸ. ಸೀಟಿನ ಮೂತಿ ಕೆಳಗೆ ಬಾಗಿದ್ದರೆ ಸವಾರನು ಮುಂದಕ್ಕೆ ಜಾರುತ್ತ ಭಾರವನ್ನೆಲ್ಲ ಕೈಗೆ ಹಾಕುವನು. ಅದನ್ನು ಸಮಮಟ್ಟಕ್ಕೆ ತರಬೇಕು. ಬೆರಳುಗಳನ್ನು ಬ್ರೇಕಿನ ಮೇಲಿಟ್ಟಾಗ ಮಣಿಕಟ್ಟು ಮುಂದೋಳಿನ ನೇರಕ್ಕೆ ಇರಬೇಕು. ಮೇಲಕ್ಕೋ ಕೆಳಕ್ಕೋ ಮುರಿದಂತಿದ್ದರೆ ಸನ್ನೆಗಳ ತಿರುಪನ್ನು ಸಡಿಲಿಸಿ ಕೋನವನ್ನು ಸರಿಪಡಿಸಿ ಮತ್ತೆ ಬಿಗಿಯಬೇಕು. ಮೊಣಕೈಗಳನ್ನು ಕೊಂಚ ಮಡಿಸಿ, ಹತ್ತು ನಿಮಿಷಕ್ಕೊಮ್ಮೆ ಹಿಡಿತವನ್ನು ಬದಲಾಯಿಸಬೇಕು. ನಮ್ಮ ಜೋಮಿನ ಬಹುಭಾಗವು ಇದರಿಂದಲೇ ಹೋಯಿತು.

ಎರಡನೆಯದು ಅಳತೆ. ಮೌಂಟನ್ ಬೈಕಿನ ಹ್ಯಾಂಡಲಿನ ತುದಿಯ ಹೊರವ್ಯಾಸವು ಸಾಮಾನ್ಯವಾಗಿ 22.2 ಮಿಲಿಮೀಟರು. ಕೈಹಿಡಿಯ ಉದ್ದವು ಸುಮಾರು 130 ಮಿಲಿಮೀಟರು. ಆದರೆ ಗೇರನ್ನು ಕೈಯಿಂದ ತಿರುಚಿ ಬದಲಿಸುವ ಬಗೆಯ ಬೈಸಿಕಲ್ಲಾದರೆ ಆ ಕಡೆಗೆ 90 ಮಿಲಿಮೀಟರಿನ ಆಸುಪಾಸಿನ ಗಿಡ್ಡವಾದ ಹಿಡಿ ಬೇಕು. ಇದನ್ನು ನೋಡದೆ ಕೊಂಡು ಕತ್ತರಿಸಲು ಹೋಗಿ ಹಾಳುಮಾಡಿಕೊಳ್ಳುವವರು ಉಂಟು. ದಪ್ಪದ ವಿಷಯದಲ್ಲಿ ಅಂಗೈಯೇ ಪ್ರಮಾಣ. ಹಿಡಿಯನ್ನು ಸುತ್ತಿ ಹಿಡಿದಾಗ ನಡುಬೆರಳಿನ ತುದಿಯು ಅಂಗೈಯ ಉಬ್ಬನ್ನು ಮುಟ್ಟೀತೋ ಮುಟ್ಟದೋ ಎಂಬಂತಿದ್ದರೆ ಸರಿ. ಬಹಳ ದಪ್ಪವಾದರೆ ಬಿಗಿಯಾಗಿ ಅಮುಕಿ ಹಿಡಿಯಬೇಕಾಗಿ ಮುಂದೋಳು ಸೋಲುತ್ತದೆ. ಬಹಳ ತೆಳುವಾದರೆ ಬೆರಳುಗಳು ಅಂಗೈಗೆ ಚುಚ್ಚುತ್ತವೆ. ಸಾಧಾರಣ ಕೈಗಳಿಗೆ 30ರಿಂದ 32 ಮಿಲಿಮೀಟರಿನ ದಪ್ಪವು ಹೊಂದುತ್ತದೆ. ಹೆಂಗಸರಿಗೂ ಮಕ್ಕಳಿಗೂ ಇನ್ನೂ ತೆಳುವಾದುದು ಹಿತ. ಮೆತ್ತಗಿದ್ದರೆ ಸುಖವೆಂಬುದು ಪೂರ್ತಿ ನಿಜವಲ್ಲ. ಅತಿ ಮೃದುವಾದುದು ಒತ್ತಿಹೋಗಿ ಒಳಗಿನ ಕೊಳವೆಯೇ ಕೈಗೆ ಸಿಗುವುದು.

ಮೂರನೆಯದು ಜಾತಿಭೇದ. ಸುಮ್ಮನೆ ಏರಿಸುವ ರಬ್ಬರಿನವು 100ರಿಂದ 200 ರೂಪಾಯಿಗಳಿಗೆ ದೊರೆಯುತ್ತವೆ; ಅಳತೆ ಸರಿಯಾಗಿದ್ದು ಒಣಗಿಸಿ ಹಾಕಿದರೆ ಪೇಟೆಯ ಸವಾರಿಗೆ ಸಾಕು. ಸ್ಪಂಜಿನಂತಹವು ಹಗುರ, ಅಗ್ಗ. ಆದರೆ ಬೆವರನ್ನು ಹೀರಿ ಬೇಗ ಹರಿಯುತ್ತವೆ. ಸಿಲಿಕೋನಿನವು ಅದುರನ್ನು ಚೆನ್ನಾಗಿ ತಡೆಯುತ್ತವೆ, ಬೆಲೆ ಹೆಚ್ಚು. ತುದಿಯಲ್ಲಿ ಲೋಹದ ಬಳೆಯಿದ್ದು ತಿರುಪಿನಿಂದ ಬಿಗಿಯುವ ಬಗೆಯವು ಈಗ 300ರಿಂದ 600 ರೂಪಾಯಿಗಳೊಳಗೆ ಸಾಮಾನ್ಯವಾಗಿ ಸಿಕ್ಕುತ್ತವೆ. ಇಳಿಜಾರಿಗೂ ಮಳೆಗೂ ಇವೇ ನಂಬಿಕೆಗೆ ಅರ್ಹವಾದುವು. ಅಂಗೈಯ ಬುಡಕ್ಕೆ ಆಸರೆಯಾಗಿ ರೆಕ್ಕೆಯಂತೆ ಹರಡಿದ ಇನ್ನೊಂದು ಬಗೆಯುಂಟು. ಜರ್ಮನಿಯ ಎರ್ಗಾನ್ ಸಂಸ್ಥೆಯು ಇದಕ್ಕೆ ಹೆಸರಾದುದು. ದೂರದ ಸಮದಾರಿಯಲ್ಲಿ ಇದು ಒತ್ತಡವನ್ನು ಹಂಚಿ ಉಪಕಾರ ಮಾಡುತ್ತದೆ. ರೆಕ್ಕೆಯ ಕೋನ ತಪ್ಪಿದರೆ ಮಾತ್ರ ಮಣಿಕಟ್ಟಿಗೆ ಹೊಸ ನೋವನ್ನು ತರುತ್ತದೆ. ಅಷ್ಟು ಬೆಲೆ ಕೊಡಲಾರದವರು ಮೆತ್ತೆಯಿರುವ ಕೈಚೀಲವನ್ನು ತೊಟ್ಟರೂ ಪ್ರಯೋಜನವಿದೆ.

ನಾಲ್ಕನೆಯದು ಹಾಕುವ ವಿಧಾನ. ಎಣ್ಣೆ, ಗ್ರೀಸು, ಸಾಬೂನು ಕೂಡದೇ ಕೂಡದು. ಎಣ್ಣೆಯು ಆರುವುದಿಲ್ಲ, ಮೇಲಾಗಿ ರಬ್ಬರನ್ನು ಉಬ್ಬಿಸಿ ಕೆಡಿಸುತ್ತದೆ. ಕೊಳವೆಯನ್ನು ಒರಸಿ, ಔಷಧದ ಅಂಗಡಿಯಲ್ಲಿ ಸಿಕ್ಕುವ ಸ್ಪಿರಿಟ್ಟನ್ನು ಹಿಡಿಯೊಳಗೆ ಸ್ವಲ್ಪ ಸುರಿದು ಕೂಡಲೇ ಏರಿಸಬೇಕು. ಅದು ಆರಿಹೋಗಿ ರಬ್ಬರು ಕಚ್ಚಿಕೊಳ್ಳುತ್ತದೆ. ಒಂದು ರಾತ್ರಿ ಮುಟ್ಟದೆ ಬಿಡಬೇಕು. ದೀಪ ಒಲೆಗಳ ಹತ್ತಿರ ಈ ಕೆಲಸ ಬೇಡ. ತಿರುಪಿನ ಬಗೆಯಾದರೆ ಒಣಗಿದ ಕೊಳವೆಗೇ ಹಾಕಿ ಬಿಗಿಯಬೇಕು. ಅತಿಯಾಗಿ ಬಿಗಿದರೆ ತಿರುಪಿನ ಸುತ್ತು ಸವೆದುಹೋಗುತ್ತದೆ. ಮುಗಿದ ಮೇಲೆ ಎರಡು ಕೈಗಳಿಂದಲೂ ಒದ್ದೆಬಟ್ಟೆಯನ್ನು ಹಿಂಡುವಂತೆ ಬಲವಾಗಿ ತಿರುಚಿ ನೋಡಬೇಕು. ಎಳ್ಳಷ್ಟು ತಿರುಗಿದರೂ ಆ ಗಾಡಿಯನ್ನು ಮಕ್ಕಳ ಕೈಗೆ ಕೊಡಕೂಡದು.

ಕಡೆಯ ಮಾತು ಎಲ್ಲಕ್ಕಿಂತ ಮುಖ್ಯವಾದುದು. ಕೈಹಿಡಿಯ ಹೊರತುದಿಯು ಸದಾ ಮುಚ್ಚಿರಬೇಕು. ಬೈಸಿಕಲ್ಲು ಗೋಡೆಗೆ ಒರಗಿ, ನೆಲಕ್ಕೆ ಬಿದ್ದು, ರಬ್ಬರಿನ ತುದಿ ತೂತಾಗಿ ಒಳಗಿನ ಕಬ್ಬಿಣದ ಕೊಳವೆ ಹೊರಗೆ ಕಾಣುವುದನ್ನು ಎಷ್ಟೋ ಮನೆಗಳಲ್ಲಿ ನೋಡುತ್ತೇವೆ. ಮಕ್ಕಳು ಬೀಳುವಾಗ ಹ್ಯಾಂಡಲು ತಿರುಗಿ ಆ ಬೋಳು ತುದಿಯು ಹೊಟ್ಟೆಗೆ ನಾಟುವುದುಂಟು. ಹೊರಗೆ ಒಂದು ಉಂಗುರದಷ್ಟು ಗುರುತು ಮಾತ್ರ ಕಂಡರೂ ಒಳಗೆ ಯಕೃತ್ತು, ಪ್ಲೀಹ, ಕರುಳುಗಳಿಗೆ ಗಾಯವಾಗಿರಬಹುದೆಂದು ಶಸ್ತ್ರವೈದ್ಯರು ಬಲ್ಲರು. ಹಾಗೆ ಪೆಟ್ಟಾದ ಮಗು ಹೊಟ್ಟೆನೋವೆಂದರೆ ಬಿಸಿನೀರಿನ ಶಾಖದಲ್ಲಿ ಕಾಲ ಕಳೆಯದೆ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು. ಇದನ್ನು ತಡೆಯುವ ಪ್ಲಾಸ್ಟಿಕ್ಕಿನ ಬಿರಡೆಗೆ ಆಗುವ ಖರ್ಚು ಒಂದು ಹೊತ್ತಿನ ಕಾಫಿಯದಕ್ಕಿಂತ ಹೆಚ್ಚಲ್ಲ.

ನಾವು ಎರಡನೆಯ ಸಲ ತಂದುದು ತಿರುಪಿನ ಬಗೆಯದು; 30 ಮಿಲಿಮೀಟರಿನ ದಪ್ಪ, ಸಾದಾ ಕಪ್ಪು ಬಣ್ಣ, 450 ರೂಪಾಯಿ. ಅದನ್ನು ಹಾಕುವ ಕೆಲಸವನ್ನು ಮೊಮ್ಮಗನಿಗೇ ಒಪ್ಪಿಸಿದೆವು. ಅವನು ಬಿಗಿದು, ತಿರುಚಿ ನೋಡಿ, ನಮ್ಮ ಕೈಗೆ ಕೊಟ್ಟು “ನೀವೂ ನೋಡಿ ತಾತ” ಎಂದನು. ನೋಡಿದೆವು, ಅಲುಗಲಿಲ್ಲ. ಅವನ ಗಲ್ಲದ ಗುರುತು ಇನ್ನೂ ಮಾಸಿಲ್ಲ. ನಮ್ಮ ಕಿರುಬೆರಳು ಈಗ ನೆಟ್ಟಗಿದೆ. ಈ ಲೇಖನವನ್ನು ನಾವೇ ಕೈಯಾರೆ ಬರೆದಿದ್ದೇವೆ.

ವಾಚಕರು ಈ ಸಂಚಿಕೆಯನ್ನು ಕೆಳಗಿಟ್ಟೊಡನೆ ಅಂಗಳಕ್ಕೆ ಹೋಗಿ ಮನೆಯ ಬೈಸಿಕಲ್ಲಿನ ಎರಡು ಕೈಹಿಡಿಗಳನ್ನೂ ಒಮ್ಮೆ ಬಲವಾಗಿ ತಿರುಚಿ, ಎರಡು ತುದಿಗಳನ್ನೂ ಬೆರಳಿನಿಂದ ಮುಟ್ಟಿ ನೋಡಿದರೆ ನಮ್ಮ ಶ್ರಮವು ಸಾರ್ಥಕವಾಯಿತೆಂದು ತಿಳಿಯುತ್ತೇವೆ.