ಅಂಜೂರದ ಹೆಸರು ಬೇಡ, ಕಣ್ಣು ತೋರಿಸಿ

"ನಮ್ಮಲ್ಲಿ ಸೆಖೆ, ತೇವ ಎರಡೂ ಜಾಸ್ತಿ, ಯಾವ ಅಂಜೂರ ಹಾಕಲಿ?" ಅಂತ ಕೇಳಿದರೆ ಈಗಿನ ನರ್ಸರಿಗಳ ಹತ್ತಿರ ಉತ್ತರ ರೆಡಿ. ಬ್ರೌನ್ ಟರ್ಕಿ ತಗೊಳ್ಳಿ ಸಾರ್, ಇಸ್ರೇಲ್ ತಳಿ ಇದೆ ಸಾರ್, ಅಫ್ಘಾನ್ ಇದೆ ಸಾರ್... ಗಿಡ ಕೇಳಿದರೆ ಭೂಗೋಳದ ಪಾಠ! ಬೆಂಗಳೂರಿನ ಒಂದು ನರ್ಸರಿಯಲ್ಲಿ "ಇದರ ಹಣ್ಣಿನ ಕಣ್ಣು ಮುಚ್ಚಿರುತ್ತಾ, ತೆರೆದಿರುತ್ತಾ?" ಅಂತ ಕೇಳಿದೆ. ಆತ ನನ್ನ ಕಣ್ಣನ್ನೇ ನೋಡಿದ.

ನಾನು ಚಳ್ಳಕೆರೆಯವನು. ವರ್ಷಕ್ಕೆ 500 ಮಿ.ಮೀ. ಮಳೆ ದಾಟಿದರೆ ಒಳ್ಳೆ ವರ್ಷ ಅನ್ನೋ ಊರು. ಅಲ್ಲಿಂದ ಮೊಳಕಾಲ್ಮೂರು, ಅದರಾಚೆ ಬಳ್ಳಾರಿ, ಈ ಒಣ ಸೀಮೆ ಅಂಜೂರಕ್ಕೆ ಹೇಳಿ ಮಾಡಿಸಿದ್ದು. ಬೇರಿಗೆ ನೀರೊಂದು ಒದಗಿಸಿದರೆ ಯಾವ ತಳಿಯೂ ಅಷ್ಟಾಗಿ ಮೋಸ ಮಾಡಲ್ಲ. ಆದರೆ ಒಣ ಸೀಮೆಯಲ್ಲಿ ಚೆನ್ನಾಗಿ ಬಂತು ಅನ್ನೋದನ್ನೇ ಸರ್ಟಿಫಿಕೇಟ್ ಮಾಡಿಕೊಂಡು ಅದೇ ಗಿಡವನ್ನು ಮಂಗಳೂರಿನವರಿಗೆ, ಸಾಗರದವರಿಗೆ ಮಾರ್ತಾರಲ್ಲ, ನನ್ನ ಸಿಟ್ಟು ಅದರ ಮೇಲೆ. ನನ್ನ ಲ್ಯಾಪ್‌ಟಾಪಿನಲ್ಲಿ ಓಡಿತು ಅಂತ ಕಸ್ಟಮರ್ ತಲೆಗೆ ಕಟ್ಟಿದ ಹಾಗೆ :)

ವಿಷಯ ಇಷ್ಟೇ. ನಾವು ಅಂಜೂರದ ಹಣ್ಣು ಅನ್ನೋದು ಒಳಗೆ ಹೂ ತುಂಬಿಕೊಂಡ ಒಂದು ಚೀಲ. ತುದಿಯಲ್ಲಿರುವ ತೂತೇ ಅದರ ಕಣ್ಣು. ಕಳಿಯೋ ಹೊತ್ತಿಗೆ ಮಳೆ ಹಿಡಿದರೆ ಕಣ್ಣಿನಿಂದ ನೀರು ಒಳಗೆ, ಅದರ ಹಿಂದೆಯೇ ಇರುವೆ, ನೊಣ, ಸಣ್ಣ ದುಂಬಿ, ಅವುಗಳ ಮೈಗಂಟಿದ ಯೀಸ್ಟು. ಆಮೇಲೆ ಬರೀ ಹುಳಿ ನಾತ. ಅತ್ತಿಹಣ್ಣಿನ ಗಾದೆ ಎಲ್ಲರಿಗೂ ಗೊತ್ತು, ಅಂಜೂರವೂ ಅದೇ ಕುಲದ್ದು. ಹಾಗಾಗಿ ತೇವದ ಊರಿಗೆ ಕಣ್ಣು ಬಿಗಿಯಾಗಿ ಮುಚ್ಚಿರುವ ತಳಿ ಬೇಕು. ಅಮೆರಿಕದ ದಕ್ಷಿಣದ ರಾಜ್ಯಗಳ ಹಿತ್ತಲುಗಳಲ್ಲಿ ಸೆಲೆಸ್ಟ್ ಅನ್ನೋ ಪುಟ್ಟ ಅಂಜೂರ ತಲೆತಲಾಂತರದಿಂದ ಉಳಿದಿರೋದರ ಗುಟ್ಟು ಇದೇ.

ಇನ್ನು ಬ್ರೌನ್ ಟರ್ಕಿ. ಈ ಒಂದೇ ಹೆಸರಲ್ಲಿ ಎರಡು ಬೇರೆ ಬೇರೆ ತಳಿ ಓಡಾಡುತ್ತವೆ, ಇಂಗ್ಲೆಂಡಿನದು ಒಂದು, ಕ್ಯಾಲಿಫೋರ್ನಿಯಾದ್ದು ಇನ್ನೊಂದು. ಎರಡನೆಯದರ ಕಣ್ಣು ತೆರೆದೇ ಇರುತ್ತೆ. ನಿಮಗೆ ಸಿಕ್ಕಿದ್ದು ಯಾವುದು? ಬೋರ್ಡು ಹೇಳಲ್ಲ. ಒಣ ಅಂಜೂರ ತೋರಿಸಿ "ಇದೇ ಗಿಡ ಸಾರ್" ಅನ್ನೋರ ಮಾತಂತೂ ಇನ್ನೂ ಅಪಾಯ. ಒಣಗಿಸುವ ಹೆಸರಾಂತ ತಳಿಗಳಲ್ಲಿ ಸ್ಮಿರ್ನಾ ಗುಂಪಿನವಕ್ಕೆ ಪರಾಗ ತರೋ ಒಂದು ಪುಟ್ಟ ಕಣಜ ಬೇಕೇ ಬೇಕು, ಇಲ್ಲದಿದ್ದರೆ ಕಾಯಿ ಉದುರುತ್ತೆ. ಕ್ಯಾಲಿಫೋರ್ನಿಯಾದವರಿಗೂ ಆ ಕಣಜವನ್ನು ತರಿಸಿ 1899ರಲ್ಲಿ ನೆಲೆಯೂರಿಸಿದ ಮೇಲೆಯೇ ಅದರ ಸರಿಯಾದ ಬೆಳೆ ಸಿಕ್ಕಿದ್ದು. ನಿಮ್ಮ ಹಿತ್ತಲಿಗೆ ಅದನ್ನು ಯಾರು ತಂದುಕೊಡ್ತಾರೆ?

ತಳಿಗಿಂತ ಕಾಲ ದೊಡ್ಡದು ಅನ್ನೋದಕ್ಕೆ ಪುಣೆ ಪಕ್ಕದ ಪುರಂದರ ನೋಡಿ. 2016ರಲ್ಲಿ ಭೌಗೋಳಿಕ ಗುರುತು ಪಡೆದ ಅಂಜೂರ ಅಲ್ಲಿಯದು. ಅಲ್ಲಿ ಮಳೆಗಾಲದಲ್ಲಿ ಕಳಿಯೋ ಬೆಳೆಗೆ ಖಟ್ಟಾ ಬಹಾರ್ ಅಂತಾರೆ, ಬೇಸಿಗೆಯದಕ್ಕೆ ಮೀಠಾ ಬಹಾರ್. ಹುಳಿ ಮತ್ತು ಸಿಹಿ. ತಳಿ ಮಾತ್ರ ಅದೇ ಪೂನಾ ಅಂಜೂರ! ಹಾಗಾಗಿ ಕರಾವಳಿ, ಮಲೆನಾಡಿನವರು ಮಳೆ ಹೊರಟ ಮೇಲೆ ರೆಂಬೆ ಸವರಿ, ಹಣ್ಣು ಬೇಸಿಗೆಗೆ ಬರೋ ಹಾಗೆ ನೋಡಿಕೊಳ್ಳಿ, ಸಾಧಾರಣ ಪೂನಾ ತಳಿಯೇ ಸಾಕಾದೀತು. ಮಳೆಗಾಲದಲ್ಲಿ ತುಕ್ಕು ರೋಗ ಬಂದು ಎಲೆ ಉದುರುತ್ತೆ, ಬಿದ್ದದ್ದನ್ನು ಗುಡಿಸಿ ದೂರ ಹಾಕಿ.

ಬೆಲೆ ಬಗ್ಗೆಯೂ ಒಂದು ಮಾತು. ಇದು ಪೆನ್ಸಿಲ್ ದಪ್ಪದ ಬಲಿತ ಕಡ್ಡಿ ಚುಚ್ಚಿದರೆ ಬೇರು ಬಿಡೋ ಗಿಡ. ಅದಕ್ಕೆ ಫಾರಿನ್ ಹೆಸರು ಅಂಟಿಸಿ ನೂರಾರು ರೂಪಾಯಿ ಕೀಳೋದು ಯಾವ ನ್ಯಾಯ? ನಿಮ್ಮದೇ ಬೀದಿಯಲ್ಲಿ ಮಳೆಗೂ ಹುಳಿಯಾಗದ ಹಣ್ಣು ಕೊಡೋ ಮರ ಇದ್ದರೆ ಆ ಮನೆಯವರ ಹತ್ತಿರ ಒಂದು ಕಡ್ಡಿ ಕೇಳಿ. ಹೆಸರಿಲ್ಲದಿದ್ದರೂ ನಡೆಯುತ್ತೆ.

ಕುಂದಾಪುರ, ಕಾರ್ಕಳದ ಕಡೆಯವರು ಯಾರಾದರೂ ಜುಲೈನಲ್ಲಿ ಮನೆಯ ಅಂಜೂರ ತಿಂದಿದ್ದರೆ ಬರೀರಿ. ಕಣ್ಣು ಕಾಣೋ ಹಾಗೆ ಒಂದು ಫೋಟೋನೂ ಹಾಕಿ.