ಮುಂಚಿನ ವಿಮಾನವೂ ಮುಂಚಿನ ದಿನವೂ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಲ್ಲಿ ಕಥೋಲಿಕ ಮನೆಗಳು ಹೆಚ್ಚೇನಿಲ್ಲ. ಇರುವ ಮನೆಗಳ ಮಕ್ಕಳಾದರೂ ಉದ್ಯೋಗವನ್ನರಸಿ ಬೆಂಗಳೂರು, ಪುಣೆ, ಮುಂಬಯಿ, ಕೊಲ್ಲಿ ರಾಷ್ಟ್ರಗಳೆಂದು ಚದುರಿಹೋಗಿದ್ದಾರೆ. ಕ್ರಿಸ್ತಜಯಂತಿ ಸಮೀಪಿಸಿದಾಗ, ಮದುವೆ ನಿಶ್ಚಯವಾದಾಗ, ಹಿರಿಯರೊಬ್ಬರು ಹಾಸಿಗೆ ಹಿಡಿದಾಗ ಆ ಮಕ್ಕಳಿಗೆ ಮನೆಯಿಂದ ಹೋಗುವ ಮೊದಲ ಪ್ರಶ್ನೆ ಒಂದೇ: "ಅದಕ್ಕಿಂತ ಮುಂಚಿನ ವಿಮಾನ ಸಿಗೂದಿಲ್ಲೇನು?" ಪ್ರೀತಿಯಿಂದ ಹುಟ್ಟಿದ ಈ ಪ್ರಶ್ನೆಯನ್ನು ನಾವು ಹಳಿಯುವುದಿಲ್ಲ. ಆದರೆ ಅದಕ್ಕೆ ಉತ್ತರ ಕೊಡುವ ಭರದಲ್ಲಿ ಕೈಲಿದ್ದ ಟಿಕೀಟನ್ನು ಬದಲಾಯಿಸಹೋಗಿ, ಇದ್ದ ಪ್ರಯಾಣವನ್ನೂ ಕಳೆದುಕೊಳ್ಳುವವರಿದ್ದಾರೆ. ಆದ್ದರಿಂದ ಈ ವಿಷಯವನ್ನು ಕೊಂಚ ವಿಚಾರಿಸುವುದು ಉಚಿತವೆಂದು ಭಾವಿಸಿದ್ದೇವೆ.

ನಮ್ಮ ನೆರೆಯ ಹುಬ್ಬಳ್ಳಿಯಲ್ಲಿಯೇ 2025ರ ಡಿಸೆಂಬರಿನಲ್ಲಿ ನಡೆದ ಸಂಗತಿಯನ್ನು ಓದುಗರು ಮರೆತಿರಲಾರರು. ನವೆಂಬರ್ 23ರಂದು ಭುವನೇಶ್ವರದಲ್ಲಿ ವಿವಾಹವಾಗಿದ್ದ ತರುಣ ದಂಪತಿಗಳಿಗೆ ಡಿಸೆಂಬರ್ 3ರಂದು ವಧುವಿನ ಊರಾದ ಹುಬ್ಬಳ್ಳಿಯಲ್ಲಿ ಆರತಕ್ಷತೆ ಏರ್ಪಾಡಾಗಿತ್ತು. ಬೆಂಗಳೂರಿನ ಮೂಲಕ ಬರಲು ಹಿಂದಿನ ದಿನಕ್ಕೇ ಅವರು ಟಿಕೀಟು ಮಾಡಿಸಿದ್ದರು. ವಿಮಾನ ಮತ್ತೆ ಮತ್ತೆ ಮುಂದೂಡಲ್ಪಟ್ಟು, ಕೊನೆಗೆ ಆರತಕ್ಷತೆಯ ದಿನದ ನಸುಕಿನಲ್ಲಿ ರದ್ದಾಯಿತು. ಸಭಾಂಗಣದಲ್ಲಿ ನೆಂಟರು ನೆರೆದಿದ್ದರು. ವಧೂವರರ ಆಸನಗಳಲ್ಲಿ ವಧುವಿನ ತಂದೆತಾಯಿಗಳು ಕುಳಿತರು. ನವದಂಪತಿಗಳು ದೂರದಿಂದ ಪರದೆಯ ಮೇಲೆ ಕಾಣಿಸಿಕೊಂಡು ಆಶೀರ್ವಾದ ಪಡೆದರು. ನಾಡಿನ ಪತ್ರಿಕೆಗಳು ಅದನ್ನೊಂದು ವಿನೋದದ ಸುದ್ದಿಯೆಂಬಂತೆ ಪ್ರಕಟಿಸಿದವು. ಹೆತ್ತವರಿಗೆ ಅದು ವಿನೋದವಾಗಿದ್ದಿರಲಾರದು.

ಅಂದು ಆದದ್ದೇನು? ವಿಮಾನ ಚಾಲಕರ ದುಡಿಮೆ ಮತ್ತು ವಿಶ್ರಾಂತಿಗೆ ಸಂಬಂಧಿಸಿದ ಹೊಸ ನಿಯಮಗಳ ಎರಡನೆಯ ಹಂತ ಅದೇ ವರ್ಷದ ನವೆಂಬರ್ 1ರಿಂದ ಜಾರಿಗೆ ಬಂದಿತ್ತು. ರಾತ್ರಿಯ ವೇಳೆ ಚಾಲಕನೊಬ್ಬನು ಎಷ್ಟು ಸಲ ವಿಮಾನವಿಳಿಸಬಹುದೆಂಬುದಕ್ಕೆ ಬಿಗಿಯಾದ ಮಿತಿ ಬಿತ್ತು. ದೇಶದ ಅತಿ ದೊಡ್ಡ ಸಂಸ್ಥೆಯಾದ ಇಂಡಿಗೋ ಅದಕ್ಕೆ ತಕ್ಕಷ್ಟು ಚಾಲಕರನ್ನು ಹೊಂದಿಸಿಕೊಂಡಿರಲಿಲ್ಲ. ಡಿಸೆಂಬರ್ 5ರ ಒಂದೇ ದಿನ ಸಾವಿರಕ್ಕೂ ಮಿಕ್ಕಿದ ಹಾರಾಟಗಳು ರದ್ದಾದವು. ಬೇರೆ ಸಂಸ್ಥೆಗಳ ಮುಂಚಿನ ವಿಮಾನಕ್ಕೆ ಜನ ಮುಗಿಬಿದ್ದಾಗ ದರ ಹೇಗೆ ಏರಿತೆಂದರೆ, ಮರುದಿನವೇ ಕೇಂದ್ರ ಸರಕಾರ ಮಧ್ಯೆ ಪ್ರವೇಶಿಸಿ 500 ಕಿಲೋಮೀಟರಿನವರೆಗೆ 7,500 ರೂಪಾಯಿ, 1,500 ಕಿಲೋಮೀಟರಿಗೆ ಮೇಲ್ಪಟ್ಟರೆ 18,000 ರೂಪಾಯಿ ಎಂದು ಮಿತಿ ಹಾಕಬೇಕಾಯಿತು. ಆ ವಾರ ಎರಡು ಗಂಟೆ ಮುಂಚಿನ ವಿಮಾನಕ್ಕೆ ಬದಲಾಯಿಸಿಕೊಂಡವನಿಗೆ ಲಾಭವಾಗಲಿಲ್ಲ. ಎರಡು ದಿನ ಮುಂಚೆ ಹೊರಟವನಿಗೆ ಆಯಿತು. ನಮ್ಮ ಅಭಿಪ್ರಾಯದ ತಿರುಳೂ ಇದೇ.

ಇಲ್ಲಿ ನಮ್ಮವರು ಗಮನಿಸಬೇಕಾದ ಇನ್ನೊಂದು ಅಂಶವಿದೆ. ಆರತಕ್ಷತೆಯನ್ನು ಪರದೆಯ ಮೇಲೆ ನಡೆಸಬಹುದು; ವಿವಾಹ ಸಂಸ್ಕಾರವನ್ನು ನಡೆಸಲಾಗದು. ವಧೂವರರಿಬ್ಬರೂ ಖುದ್ದಾಗಿಯೋ ನಿಯಮಬದ್ಧವಾದ ಪ್ರತಿನಿಧಿಯ ಮೂಲಕವೋ ಒಟ್ಟಿಗೆ ಹಾಜರಿರಬೇಕೆಂದು ಧರ್ಮಸಭೆಯ ಕಾನೂನಿನ 1104ನೆಯ ವಿಧಿ ಹೇಳುತ್ತದೆ. ಹತ್ತು ದಿನದ ರಜೆಯ ಮೇಲೆ ಕೊಲ್ಲಿಯಿಂದ ಬರುವ ವರ, ಮದುವೆಯ ಹಿಂದಿನ ಸಂಜೆ ಬಂದಿಳಿಯುವ ಹಾಗೆ ಟಿಕೀಟು ಮಾಡಿಸಿ, ಆಮೇಲೆ ನಿಲ್ದಾಣದಲ್ಲಿ ನಿಂತು "ಮುಂಚಿನದು ಇದೆಯೇ" ಎಂದು ಕೇಳುವುದಕ್ಕಿಂತ, ಮದುವೆಯ ದಿನಾಂಕವನ್ನು ಧರ್ಮಗುರುಗಳಲ್ಲಿ ನಿಶ್ಚಯಿಸುವಾಗಲೇ ಎರಡು ದಿನದ ಬಿಡುವನ್ನು ಲೆಕ್ಕಕ್ಕೆ ಹಿಡಿಯುವುದು ಮೇಲು.

ನಮ್ಮ ಊರುಗಳ ನೆಲೆಯೂ ಹಾಗಿದೆ. ಜಮಖಂಡಿಯಲ್ಲಿ ವಿಮಾನವಿಲ್ಲ, ಬಾಗಲಕೋಟೆ-ಕುಡಚಿ ರೈಲು ಮಾರ್ಗದ ಕಾಮಗಾರಿ ಇನ್ನೂ ಸಾಗಿದೆ. ಸಾಂಬ್ರಾದ ಬೆಳಗಾವಿ ನಿಲ್ದಾಣಕ್ಕಾಗಲಿ ಹುಬ್ಬಳ್ಳಿಗಾಗಲಿ ಕೊಲ್ಹಾಪುರಕ್ಕಾಗಲಿ ನೂರು ಕಿಲೋಮೀಟರಿಗೂ ಮಿಕ್ಕಿದ ರಸ್ತೆಯ ಪಯಣ ತಪ್ಪಿದ್ದಲ್ಲ. ಕಾರ್ಖಾನೆಗಳು ಕಬ್ಬು ಅರೆಯುವ ತಿಂಗಳುಗಳಲ್ಲಿ ಆ ರಸ್ತೆಗಳ ಗತಿ ಎಲ್ಲರಿಗೂ ಗೊತ್ತು. ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರುಗಳ ಸಾಲು ಮುಧೋಳದ ಸುತ್ತ ನಿಂತಿತೆಂದರೆ ಕಾರಿನ ವೇಗವೂ ಕಬ್ಬಿನ ವೇಗವೂ ಒಂದೇ. ಮಳೆಗಾಲದಲ್ಲಿ ಘಟಪ್ರಭೆ, ಕೃಷ್ಣೆಯರು ಉಕ್ಕಿದರಂತೂ, 2019ರ ಆಗಸ್ಟಿನಲ್ಲಿ ಕಂಡಂತೆ, ದಾರಿಯೇ ಇಲ್ಲವಾಗುತ್ತದೆ. ಇಂಥ ಕಡೆಗೆ ಬರುವವನು ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ಎರಡು ಗಂಟೆ ಉಳಿಸಿದರೂ, ಮುಂದಿನ ವಿಮಾನ ಹೊರಡುವುದು ತನ್ನ ಸಮಯಕ್ಕೇ. ಬೆಂಗಳೂರಿನಿಂದ ದಿಲ್ಲಿಗೆ ಹೊರಡುವಷ್ಟು ವಿಮಾನಗಳು ಬೆಳಗಾವಿಗೆ ಹೊರಡುವುದಿಲ್ಲ. ಉಳಿಸಿದ ಎರಡು ಗಂಟೆಯನ್ನು ಅವನು ನಡುವಿನ ನಿಲ್ದಾಣದ ಕುರ್ಚಿಯ ಮೇಲೆ ಕಳೆಯುತ್ತಾನೆ.

ಹಾಗೆಂದ ಮಾತ್ರಕ್ಕೆ ಮುಂಚಿನ ವಿಮಾನದಿಂದ ಪ್ರಯೋಜನವೇ ಇಲ್ಲವೆಂದಲ್ಲ. ಒಂದೇ ವಿಮಾನ ದಿನಕ್ಕೆ ಹಲವು ಊರುಗಳಿಗೆ ಹೋಗಿಬರುತ್ತದೆ. ಬೆಳಿಗ್ಗೆ ಒಂದೆಡೆ ಅರ್ಧ ಗಂಟೆ ತಡವಾದದ್ದು ಸಂಜೆಯ ಹೊತ್ತಿಗೆ ಎರಡು ಗಂಟೆಯಾಗಿ ಬೆಳೆದಿರುತ್ತದೆ. ದಿನದ ಕೊನೆಯ ವಿಮಾನ ತಪ್ಪಿದರೆ ಆ ದಿನವೇ ತಪ್ಪಿತು. ಮಧ್ಯಾಹ್ನದ್ದು ತಪ್ಪಿದರೆ ಸಂಜೆಯದೊಂದು ಉಳಿದೀತು. ಬೆಳಕಿರುವಾಗಲೇ ಸಾಂಬ್ರಾದಲ್ಲಿಳಿದರೆ ಕತ್ತಲಲ್ಲಿ ಆ ಟ್ರೇಲರುಗಳ ನಡುವೆ ನುಸುಳುವ ಅಪಾಯವೂ ತಪ್ಪುತ್ತದೆ. ವಿಮಾನದ ಅಪಾಯವನ್ನು ಕುರಿತು ಚಿಂತಿಸುವವರು ಹಿಂಬದಿಯ ದೀಪವಿಲ್ಲದ ಕಬ್ಬಿನ ಗಾಡಿಯನ್ನು ಕುರಿತು ಚಿಂತಿಸದಿರುವುದು ನಮಗೆ ಸೋಜಿಗ! ಆದರೆ ಎಲ್ಲಕ್ಕಿಂತ ಮುಂಚಿನ ವಿಮಾನವೇ ಉತ್ತಮವೆಂಬ ಸೂತ್ರವೂ ಎಲ್ಲ ಋತುವಿಗೆ ಸಲ್ಲದು. ಡಿಸೆಂಬರ್, ಜನವರಿಗಳಲ್ಲಿ ದೇವನಹಳ್ಳಿಯ ನಿಲ್ದಾಣಕ್ಕೆ ನಸುಕಿನ ಮಂಜು ಕವಿಯುವುದುಂಟು. ಕ್ರಿಸ್ತಜಯಂತಿಗೆ ಬರುವವರು ಬೆಳಗಿನ ಐದಾರು ಗಂಟೆಯದನ್ನು ಬಿಟ್ಟು ಹತ್ತು ಗಂಟೆಯ ಸುಮಾರಿನದನ್ನು ಆರಿಸಿಕೊಂಡರೆ ಜಾಣತನ.

ಇನ್ನು ಬದಲಾಯಿಸಿಕೊಳ್ಳುವ ಕ್ರಮದಲ್ಲಿಯೇ ಅಡಗಿರುವ ತೊಡಕುಗಳು. ಇವುಗಳಲ್ಲಿ ನಮ್ಮ ಭಾಗದವರನ್ನು ಹೆಚ್ಚಾಗಿ ಬಾಧಿಸುವುದೊಂದಿದೆ. ಅದನ್ನು ವಿಸ್ತಾರವಾಗಿಯೇ ಹೇಳಬೇಕು. ಬೆಳಗಾವಿಯಿಂದ ಮುಂಬಯಿ, ಮುಂಬಯಿಯಿಂದ ಕುವೈತ್ ಎಂದು ಒಂದೇ ಟಿಕೀಟಿನಲ್ಲಿ ಎರಡು ಹಾರಾಟಗಳಿವೆಯೆಂದು ಇಟ್ಟುಕೊಳ್ಳೋಣ. ಬೆಳಗಾವಿಯ ವಿಮಾನ ತಡವಾದರೆ ಗತಿಯೇನೆಂದು ಹೆದರಿದ ಮಗ ಹಿಂದಿನ ರಾತ್ರಿಯೇ ಮುಂಬಯಿಯ ಬಸ್ಸು ಹತ್ತುತ್ತಾನೆ. ಬೆಳಿಗ್ಗೆ ನಿಶ್ಚಿಂತೆಯಿಂದ ಮುಂಬಯಿಯ ಕೌಂಟರಿಗೆ ಹೋದರೆ, ಮೊದಲ ಹಾರಾಟಕ್ಕೆ ಬಾರದವನ ಮುಂದಿನ ಹಾರಾಟವೂ, ಕೆಲವೊಮ್ಮೆ ಮರಳುವ ಹಾರಾಟವೂ ರದ್ದಾಗಿದೆಯೆಂಬ ಉತ್ತರ ದೊರೆಯುತ್ತದೆ. ಇದು ಗುಮಾಸ್ತರ ಕ್ರೌರ್ಯವಲ್ಲ. ಟಿಕೀಟಿನ ಹಾರಾಟಗಳನ್ನು ಸಾಲಾಗಿಯೇ ಬಳಸಬೇಕೆಂಬುದು ಬಹುತೇಕ ಸಂಸ್ಥೆಗಳ ಷರತ್ತು. ಬಸ್ಸು ಹತ್ತುವುದಕ್ಕೆ ಮೊದಲು ಸಂಸ್ಥೆಗೆ ತಿಳಿಸಿ, ಟಿಕೀಟನ್ನು ತಿದ್ದಿಸಿಕೊಂಡಿದ್ದರೆ ಆ ಬಡಪಾಯಿ ಉಳಿಯುತ್ತಿದ್ದ.

ಇದಕ್ಕೆ ವ್ಯತಿರಿಕ್ತವಾದುದೂ ಉಂಟು. ಬೆಳಗಾವಿಯ ಹಾರಾಟಕ್ಕೊಂದು, ಕುವೈತಿನದಕ್ಕೊಂದು ಎಂದು ಬೇರೆ ಬೇರೆ ಟಿಕೀಟು ಕೊಂಡವನು ಮೊದಲನೆಯದನ್ನು ಮಾತ್ರ ಮುಂಚಿನದಕ್ಕೆ ಬದಲಾಯಿಸಿಕೊಳ್ಳಬಹುದು, ಅದು ಅವನ ಸ್ವಾತಂತ್ರ್ಯ. ಆದರೆ ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಯಾರೂ ಹೊಣೆಯಲ್ಲ. ಪೆಟ್ಟಿಗೆಗಳನ್ನೂ ನಡುವೆ ತಾನೇ ಇಳಿಸಿಕೊಂಡು ಮತ್ತೆ ಒಪ್ಪಿಸಬೇಕು.

ಪೆಟ್ಟಿಗೆಯ ಮಾತು ಬಂದುದರಿಂದ ಇದನ್ನೂ ಹೇಳಬೇಕು. ಸಾಮಾನನ್ನು ಒಪ್ಪಿಸಿಯಾದ ಮೇಲೆ ಮುಂಚಿನ ವಿಮಾನಕ್ಕೆ ಹಾರುವುದು ಸುಲಭವಲ್ಲ. 1985ರ ಜೂನ್ 23ರಂದು ಏರ್ ಇಂಡಿಯಾದ 'ಕನಿಷ್ಕ' ವಿಮಾನದಲ್ಲಿ ಸ್ಫೋಟವಾಗಿ 329 ಜನ ಮಡಿದರು. ಆ ಬಾಂಬು ಇದ್ದ ಪೆಟ್ಟಿಗೆಯನ್ನು ಒಪ್ಪಿಸಿದವನು ತಾನು ವಿಮಾನ ಹತ್ತಿರಲೇ ಇಲ್ಲ. ಒಡೆಯನಿಲ್ಲದ ಪೆಟ್ಟಿಗೆಯನ್ನು ಹೊತ್ತೊಯ್ಯಬಾರದೆಂಬ ನಿಯಮ ಆ ಬಳಿಕ ಬಿಗಿಯಾಯಿತು. ಹೀಗಿರುವಾಗ ಪ್ರಯಾಣಿಕನು ವಿಮಾನ ಬದಲಿಸಿದರೆ ಅವನ ಪೆಟ್ಟಿಗೆಯನ್ನು ಹುಡುಕಿ ತೆಗೆಯಬೇಕಾಗುತ್ತದೆ. ದೇಶದೊಳಗಿನ ಹಾರಾಟಕ್ಕೆ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಕೌಂಟರು ಮುಚ್ಚುವುದರಿಂದ ಅಷ್ಟು ಹೊತ್ತು ಇರುವುದೂ ಇಲ್ಲ. ಮುಂಚಿನ ವಿಮಾನ ಬೇರೆ ಸಂಸ್ಥೆಯದಾದರೆ ಅದು ಬೇರೆ ಟರ್ಮಿನಲ್ಲಿನಿಂದ ಹೊರಡಲೂಬಹುದು. ಖರ್ಚಿನ ವಿಷಯದಲ್ಲಿ ಒಂದು ಸಮಾಧಾನವಿದೆ: ಹಳೆಯ ಟಿಕೀಟಿನ ಮೂಲದರ ಮರಳದಿದ್ದರೂ ಅದರಲ್ಲಿ ಸೇರಿದ್ದ ಸರಕಾರೀ ತೆರಿಗೆ, ವಿಮಾನ ನಿಲ್ದಾಣದ ಶುಲ್ಕಗಳನ್ನು ಮರಳಿಸಬೇಕೆಂದು ನಾಗರಿಕ ವಿಮಾನಯಾನ ನಿರ್ದೇಶನಾಲಯದ ನಿಯಮವಿದೆ. ಕೇಳದೆ ಬಿಟ್ಟುಬಿಡುವವರೇ ಹೆಚ್ಚು.

ನಾವು ಬದಲಾಯಿಸದಿದ್ದರೂ ವಿಮಾನವೇ ಮುಂಚಿನದಾಗುವ ಪ್ರಸಂಗವೂ ಇದೆ. 2023ರ ಜನವರಿ 18ರಂದು ಅಮೃತಸರದಿಂದ ಸಿಂಗಪುರಕ್ಕೆ ಹೋಗಬೇಕಿದ್ದ ಸ್ಕೂಟ್ ಸಂಸ್ಥೆಯ ವಿಮಾನ ನಿಗದಿತ ಸಮಯಕ್ಕಿಂತ ಕೆಲವು ಗಂಟೆ ಮೊದಲೇ ಹೊರಟು, ಮೂವತ್ತಕ್ಕೂ ಹೆಚ್ಚು ಜನ ನಿಲ್ದಾಣದಲ್ಲಿಯೇ ಉಳಿದರು. ಸಮಯ ಬದಲಾದ ಸುದ್ದಿ ಟಿಕೀಟು ಮಾಡಿಸಿದ ಏಜೆಂಟರಿಗೆ ಮುಟ್ಟಿತ್ತು, ಪ್ರಯಾಣಿಕರಿಗೆ ಮುಟ್ಟಿರಲಿಲ್ಲ. ನಮ್ಮ ಊರುಗಳಲ್ಲಿಯೂ ಎಷ್ಟೋ ಮನೆಗಳ ಟಿಕೀಟು ಏಜೆಂಟರ ಅಂಗಡಿಯಲ್ಲಿಯೇ ಆಗುತ್ತದೆ. ಅದರಲ್ಲಿ ಯಾರ ಫೋನಿನ ಸಂಖ್ಯೆ ನಮೂದಾಗಿದೆಯೆಂದು ಹಣ ಕೊಡುವ ಮೊದಲೇ ನೋಡಬೇಕು.

ವಿಮಾನ ಬದಲಾಯಿಸುವುದು ಅಶುಭವೆಂದು ಭಾವಿಸುವವರಿಗೂ ಒಂದು ಮಾತು. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಮಂಗಳೂರಿನಲ್ಲಿ ದುರಂತಕ್ಕೀಡಾಗಿ 158 ಜನ ತೀರಿಕೊಂಡರು, ಎಂಟು ಮಂದಿ ಬದುಕಿದರು. ಟಿಕೀಟಿದ್ದೂ ಹತ್ತದೆ ಉಳಿದವರ ಕಥೆಗಳು ಕರಾವಳಿಯ ಮನೆಮನೆಗಳಲ್ಲಿ ಹಬ್ಬಿದವು. ತನಿಖೆ ಕಂಡುಕೊಂಡದ್ದು ಬೇರೆ: ಸರಿಯಾಗಿ ಹೊಂದದ ಇಳಿತವನ್ನು ಕ್ಯಾಪ್ಟನ್ ಕೈಬಿಡದೆ ಮುಂದುವರಿಸಿದ್ದೇ ಕಾರಣ. ಗಳಿಗೆಯ ದೋಷ ಅಲ್ಲಿರಲಿಲ್ಲ.

ಇಷ್ಟೆಲ್ಲ ಎಚ್ಚರಿಕೆಯನ್ನೂ ಗಾಳಿಗೆ ತೂರುವಂತೆ ಮಾಡುವುದು ಸಾವು. ಎರಡು ದಿನ ಮುಂಚೆ ಹೊರಡಿ ಎಂಬ ನಮ್ಮ ಉಪದೇಶ ಅಲ್ಲಿ ನಡೆಯದು. ತಂದೆ ತೀರಿಕೊಂಡ ಸುದ್ದಿ ಕೇಳಿದ ಮಗ ಸಿಕ್ಕ ಮೊದಲ ವಿಮಾನ ಹಿಡಿಯಬೇಕಾದದ್ದೇ. ದುಡ್ಡಿನ ಮುಖ ನೋಡುವ ಹೊತ್ತು ಅದಲ್ಲ. ನಮ್ಮ ತಕರಾರಿರುವುದು ಮನೆಯಲ್ಲಿರುವವರ ನಡತೆಯ ಕುರಿತು. "ದೊಡ್ಡಮಗ ಬಂದ ಮೇಲೇ ಮಣ್ಣು" ಎಂದು ಹಿರಿಯರು ಹೇಳುತ್ತಾರೆ, ಸರಿ. ಆ ಮಗ ಮುಂಚಿನ ವಿಮಾನ ಸಿಗಬಹುದೆಂದು ಫೋನಿನಲ್ಲಿ ಆಡಿದ ಮಾತೊಂದನ್ನೇ ನಂಬಿ, ಅಂತ್ಯಕ್ರಿಯೆಯ ಬಲಿಪೂಜೆ ನಾಲ್ಕು ಗಂಟೆಗೆಂದು ಊರಿಗೆಲ್ಲ ಹೇಳಿಬಿಡುತ್ತಾರೆ. ಬೀಳಗಿ, ತೇರದಾಳ, ಮಹಾಲಿಂಗಪುರಗಳಿಂದ ನೆಂಟರು ಬಸ್ಸು ಹತ್ತಿ ಬರುತ್ತಾರೆ. ಎರಡು ಮೂರು ಕಡೆ ಪೂಜೆ ಅರ್ಪಿಸಬೇಕಾದ ಗುರುಗಳು ಇನ್ನೊಂದು ಕೆಲಸವನ್ನು ಬದಿಗಿಟ್ಟು ಕಾಯುತ್ತಾರೆ. ಬಾಡಿಗೆಗೆ ತಂದ ಶೀತಲ ಪೆಟ್ಟಿಗೆಗೆ ವಿದ್ಯುತ್ತು ಇದ್ದರಿದೆ, ಇಲ್ಲದಿದ್ದರಿಲ್ಲ. ನಾಲ್ಕಾಗುತ್ತದೆ, ಐದಾಗುತ್ತದೆ, ಮಗ ಬೆಂಗಳೂರಿನಲ್ಲಿ ಕುಳಿತಿರುತ್ತಾನೆ. ಕೊನೆಯ ಬಸ್ಸು ತಪ್ಪೀತೆಂದು ನೆಂಟರು ಏಳತೊಡಗುತ್ತಾರೆ. ಅತ್ತ ಆ ಮಗನಿಗೆ ಐದು ನಿಮಿಷಕ್ಕೊಮ್ಮೆ ಫೋನು: "ಎಲ್ಲಿ ಇದ್ದೀಯಪ್ಪಾ?" ತಂದೆಯನ್ನು ಕಳೆದುಕೊಂಡು ಬರುತ್ತಿರುವವನು ತಡವಾದ ವಿಮಾನದ ಅಪರಾಧಿಯೂ ಆಗುತ್ತಾನೆ. ಈ ಒತ್ತಡದಲ್ಲಿಯೇ ಅವನು ಕೈಲಿರುವ ಖಚಿತವಾದ ಸಂಜೆಯ ಟಿಕೀಟನ್ನು ಬಿಟ್ಟು, ಕಾದರೆ ಸೀಟು ಸಿಗಬಹುದೆಂಬ ಮಧ್ಯಾಹ್ನದ ವಿಮಾನದ ಬೆನ್ನು ಹತ್ತುವುದು.

ಮಣ್ಣು ಕೊಡಲು ಒಂದು ದಿನ ತಡವಾದರೆ ಧರ್ಮಸಭೆ ಆಕ್ಷೇಪಿಸುವುದಿಲ್ಲ. ಆದ್ದರಿಂದ ಮುಂಚಿನ ವಿಮಾನ ಸಿಕ್ಕರೆ ಅದು ದೇವರ ಕೃಪೆಯೆಂದು ತಿಳಿದು, ಸಮಯವನ್ನು ಮಾತ್ರ ಖಚಿತವಾದ ಟಿಕೀಟಿನ ಲೆಕ್ಕದಲ್ಲಿಯೇ, ಅದೂ ಮರುದಿನ ಬೆಳಗಿಗೆ ಇಡಿರೆಂದು ಮನೆಯವರಲ್ಲಿ ನಮ್ಮ ಬಿನ್ನಹ. ಮಗ ರಾತ್ರಿಯೇ ಬಂದರೆ ತಂದೆಯ ಬಳಿ ಒಂದು ಇರುಳು ಕೂರಲಿ. ಬಾರದೆ ಬೆಳಗಿನ ವಿಮಾನವೇ ಗತಿಯಾದರೆ, ಗುರುಗಳಿಗೆ ಮೊದಲೇ ತಿಳಿಸಿಟ್ಟು, ಸಾಂಬ್ರಾದಿಂದ ಹೊರಟ ಗಾಡಿ ಯರಗಟ್ಟಿ, ಲೋಕಾಪುರ ದಾಟಿತೆಂದು ಫೋನು ಬಂದ ಮೇಲೆ ಗುಡಿಯ ಗಂಟೆ ಬಾರಿಸಿದರೂ ಜನ ಸೇರುವುದಕ್ಕೆ ಹೊತ್ತು ಸಾಕು.